ಸಂಪಾದಕರ ಉತ್ತರ: ಬ್ರೆಟನ್ ವುಡ್ಸ್ ಹೋಟೆಲನ್ನು ಉಳಿಸಿದ್ದು ಯಾವುದು?

ಮಾನ್ಯರೇ,

ಹಣಕಾಸಿನ ಅಂಕಣಗಳಲ್ಲಿ ಪದೇ ಪದೇ ಕಾಣುವ ‘ಬ್ರೆಟನ್ ವುಡ್ಸ್’ ಊರೋ, ಹೋಟೆಲೋ, ಒಪ್ಪಂದವೋ ಎಂದು ಕೇಳಿದ್ದೀರಿ. ಎರಡನೇ ಮಹಾಯುದ್ಧ ನಡೆಯುತ್ತಿರುವಾಗಲೇ, 1944ರಲ್ಲಿ, ಯುದ್ಧಾನಂತರದ ಜಗತ್ತಿನ ಹಣಕಾಸು ವ್ಯವಸ್ಥೆ ರೂಪಿಸುವ ಸಮ್ಮೇಳನಕ್ಕೆಂದು 44 ದೇಶಗಳ ಪ್ರತಿನಿಧಿಗಳು ಬೆಟ್ಟದ ಬುಡದ ಹೋಟೆಲಿಗೇ ಏಕೆ ಹೋದರು, ಆ ಕಟ್ಟಡ ಈಗಲೂ ಇದೆಯೇ, ಇದ್ದರೆ ಸಮ್ಮೇಳನದ ಹೆಸರಿನ ಬಲದಿಂದಲೇ ಉಳಿಯಿತೇ ಎಂದೂ ಬರೆದಿದ್ದೀರಿ. ಕೊನೆಯ ಪ್ರಶ್ನೆಗೆ ಮೊದಲೇ ಉತ್ತರ ಹೇಳಿಬಿಡುತ್ತೇವೆ: ಕಟ್ಟಡ ಇದೆ, ಆದರೆ ಅದನ್ನು ಉಳಿಸಿದ್ದು ಸಮ್ಮೇಳನವಲ್ಲ.

ಬ್ರೆಟನ್ ವುಡ್ಸ್ ಇರುವುದು ಅಮೆರಿಕದ ನ್ಯೂ ಹ್ಯಾಂಪ್‌ಷೈರ್ ರಾಜ್ಯದಲ್ಲಿ, ಕ್ಯಾರಲ್ ಎಂಬ ಊರಿನ ವ್ಯಾಪ್ತಿಯಲ್ಲಿ. ಎದುರಿಗೆ 6,288 ಅಡಿ ಎತ್ತರದ ಮೌಂಟ್ ವಾಷಿಂಗ್ಟನ್. ಈ ಬೆಟ್ಟಕ್ಕೆ 1869ರಲ್ಲೇ ಹಲ್ಲುಗಾಲಿಯ ರೈಲು ಹತ್ತಿತ್ತು. ಮಹಾನಗರಗಳ ಸಿರಿವಂತರು ಬೇಸಿಗೆಯ ಸೆಕೆ ತಪ್ಪಿಸಿಕೊಳ್ಳಲು ಪೆಟ್ಟಿಗೆ, ಆಳುಕಾಳುಗಳ ಸಮೇತ ರೈಲಿನಲ್ಲಿ ಬಂದಿಳಿದು ವಾರಗಟ್ಟಲೆ ತಂಗುತ್ತಿದ್ದರು. ಕಲ್ಲಿದ್ದಲು ವ್ಯಾಪಾರದಲ್ಲಿ ಹಣ ಮಾಡಿದ್ದ ಜೋಸೆಫ್ ಸ್ಟಿಕ್ನಿ ಅಲ್ಲಿ ಮೊದಲೇ ಮೌಂಟ್ ಪ್ಲೆಸೆಂಟ್ ಎಂಬ ಹೋಟೆಲಿನ ಒಡೆಯ. ಅದು ಸಾಲದೆಂದು 1900ರಲ್ಲಿ ಇನ್ನೊಂದಕ್ಕೆ ಕೈಹಾಕಿದ. ವಾಸ್ತುಶಿಲ್ಪಿ ಚಾರ್ಲ್ಸ್ ಆಲಿಂಗ್ ಗಿಫರ್ಡ್. ಕಲ್ಲು ಮತ್ತು ಗಾರೆ ಕೆಲಸಕ್ಕೆ ಇಟಲಿಯಿಂದ ಬಂದ ಸುಮಾರು 250 ಕುಶಲಕರ್ಮಿಗಳು. ಖರ್ಚು ಸುಮಾರು 17 ಲಕ್ಷ ಡಾಲರ್. 1902ರ ಜುಲೈ 28ರಂದು ಮೌಂಟ್ ವಾಷಿಂಗ್ಟನ್ ಹೋಟೆಲ್ ಬಾಗಿಲು ತೆರೆಯಿತು. ಮರುವರ್ಷದ ಡಿಸೆಂಬರಿನಲ್ಲಿ ಸ್ಟಿಕ್ನಿ ತೀರಿಕೊಂಡ. ಕಟ್ಟಿಸಿದವನು ಕಂಡದ್ದು ಎರಡೇ ಬೇಸಿಗೆ.

ಆ ಕಣಿವೆಯಲ್ಲಿ ಒಂದಾದ ಮೇಲೊಂದು ದೊಡ್ಡ ಹೋಟೆಲುಗಳಿದ್ದವು. ಮೌಂಟ್ ಪ್ಲೆಸೆಂಟನ್ನು 1939ರಲ್ಲಿ ಕೆಡವಿದರು. ಫೇಬಿಯನ್ ಹೌಸ್ 1951ರಲ್ಲಿ ಸುಟ್ಟುಹೋಯಿತು. ಕ್ರಾಫರ್ಡ್ ಹೌಸ್ ವ್ಯಾಪಾರ ನಿಲ್ಲಿಸಿ ಖಾಲಿ ಬಿದ್ದಿದ್ದಾಗ, 1977ರಲ್ಲಿ, ಬೆಂಕಿಗೆ ಆಹುತಿಯಾಯಿತು. ಇಂಥ ಹಳೆಯ ಮರದ ಹೋಟೆಲುಗಳು ಸುಟ್ಟುಹೋಗುವುದು ಬರೀ ದುರದೃಷ್ಟದಿಂದಲ್ಲ. ಆ ಕಾಲದ ಮರಗೆಲಸದಲ್ಲಿ ಗೋಡೆಯ ಒಳಗಿನ ನಿಲುಪಟ್ಟಿಗಳು ತಳದಿಂದ ಸೂರಿನವರೆಗೆ ಒಂದೇ ಓಟಕ್ಕೆ ಹೋಗುತ್ತಿದ್ದವು. ಎರಡು ಪಟ್ಟಿಗಳ ನಡುವಿನ ಪೊಳ್ಳನ್ನು ಪ್ರತಿ ಮಹಡಿಯ ಮಟ್ಟದಲ್ಲಿ ಅಡ್ಡ ತುಂಡು ಹಾಕಿ ಮುಚ್ಚದಿದ್ದರೆ ಅದೇ ಹೊಗೆಗೂಡು. ನೆಲಮಾಳಿಗೆಯಲ್ಲಿ ಹೊತ್ತಿದ ಕಿಡಿ ಕೆಲವೇ ನಿಮಿಷಗಳಲ್ಲಿ ಅಟ್ಟ ಸೇರುತ್ತದೆ. ಅಟ್ಟ ಇಡೀ ಕಟ್ಟಡದ ಉದ್ದಕ್ಕೂ ತಡೆಯಿಲ್ಲದೆ ಹರಡಿರುತ್ತದೆ. ಮೇಲೆ ಚಾವಣಿ ಉರಿಯುತ್ತಿರುವಾಗ ಕೆಳಗಿನ ಕೋಣೆಗಳಲ್ಲಿ ಏನೂ ಕಾಣುವುದಿಲ್ಲ. ಜತೆಗೆ ಅಗ್ನಿಶಾಮಕ ದಳ ದೂರ, ಚಳಿಗಾಲದಲ್ಲಿ ಬರಿದು ಮಾಡಿದ ನೀರಿನ ಪೈಪುಗಳು. ಸ್ಟಿಕ್ನಿಯ ಹೋಟೆಲಿನದು ಗ್ರಾನೈಟ್ ಅಡಿಪಾಯ, ಮೇಲೆ ಉಕ್ಕಿನ ಚೌಕಟ್ಟು. ಒಳಗೆ ಮರ ಬೇಕಾದಷ್ಟಿದೆ, ಆದ್ದರಿಂದ ಬೆಂಕಿಗೆ ಅಂಜದ ಕಟ್ಟಡ ಎನ್ನಲಾಗದು. ಆದರೂ ನೆರೆಯವಕ್ಕಿಂತ ಇದರ ಮೈಕಟ್ಟೇ ಬೇರೆ.

ಇನ್ನು ಸಮ್ಮೇಳನ. ಯುದ್ಧದಿಂದಾಗಿ ಹೋಟೆಲ್ 1942, 43ರಲ್ಲಿ ಮುಚ್ಚಿತ್ತು. 1944ರಲ್ಲಿ ಬಾಸ್ಟನ್ನಿನ ಹೂಡಿಕೆದಾರರ ಗುಂಪು ಅದನ್ನು ಕೊಂಡಿತು. ಜಾಗದ ಆಯ್ಕೆಗೆ ಎರಡು ಕಾರಣಗಳು ಮುಖ್ಯ. ಜುಲೈ ತಿಂಗಳ ವಾಷಿಂಗ್ಟನ್ ನಗರದ ಸೆಕೆ ಬ್ರಿಟನ್ ತಂಡದ ಮುಖ್ಯಸ್ಥ, ಅರ್ಥಶಾಸ್ತ್ರಜ್ಞ, ಹೃದ್ರೋಗಿ ಜಾನ್ ಮೇನಾರ್ಡ್ ಕೇನ್ಸ್‌ಗೆ ಆಗುತ್ತಿರಲಿಲ್ಲ. ನ್ಯೂ ಹ್ಯಾಂಪ್‌ಷೈರಿನ ರಿಪಬ್ಲಿಕನ್ ಸೆನೆಟರ್ ಚಾರ್ಲ್ಸ್ ಟೋಬಿ ಬ್ಯಾಂಕಿಂಗ್ ಸಮಿತಿಯಲ್ಲಿದ್ದರು, ಮರುಚುನಾವಣೆ ಎದುರಿಸುತ್ತಿದ್ದರು. ಒಪ್ಪಂದ ಸೆನೆಟ್ ದಾಟಬೇಕಾದರೆ ಅವರನ್ನು ಒಲಿಸಿಕೊಳ್ಳಬೇಕಿತ್ತು. ಟೋಬಿಯವರನ್ನು ಪ್ರತಿನಿಧಿಯನ್ನಾಗಿಯೂ ಮಾಡಿದರು. ನಮಗೆ ಕೇಳಿದರೆ ತಂಗಾಳಿಗಿಂತ ಈ ಲೆಕ್ಕಾಚಾರವೇ ಹೆಚ್ಚು ತೂಗಿತು.

ಜುಲೈ 1ರಿಂದ 22ರವರೆಗೆ ಸುಮಾರು 730 ಪ್ರತಿನಿಧಿಗಳು. ಎರಡು ವರ್ಷ ಬೀಗ ಬಿದ್ದಿದ್ದ ಹೋಟೆಲನ್ನು ಆತುರದಲ್ಲಿ ಸಜ್ಜುಗೊಳಿಸಿದ್ದರಿಂದ ಅವ್ಯವಸ್ಥೆ ಸಾಕಷ್ಟಿತ್ತು. ಕೋಣೆ ಸಾಲದೆ ಕೆಲವರನ್ನು ಪಕ್ಕದ ಹೋಟೆಲುಗಳಿಗೆ ಕಳುಹಿಸಬೇಕಾಯಿತು. ಅಂತಾರಾಷ್ಟ್ರೀಯ ಹಣಕಾಸು ನಿಧಿಯ ರೂಪುರೇಷೆ ಸಿದ್ಧಪಡಿಸಿದ ಆಯೋಗಕ್ಕೆ ಅಮೆರಿಕದ ಖಜಾನೆ ಇಲಾಖೆಯ ಹ್ಯಾರಿ ಡೆಕ್ಸ್‌ಟರ್ ವೈಟ್ ಅಧ್ಯಕ್ಷರು, ವಿಶ್ವಬ್ಯಾಂಕಿನ ಆಯೋಗಕ್ಕೆ ಕೇನ್ಸ್. ಡಾಲರನ್ನು ಒಂದು ಔನ್ಸ್ ಚಿನ್ನಕ್ಕೆ 35 ಡಾಲರ್ ಎಂಬ ದರಕ್ಕೂ, ಉಳಿದ ದೇಶಗಳ ನಾಣ್ಯಗಳನ್ನು ಡಾಲರಿಗೂ ಕಟ್ಟಿಹಾಕಿದ ಆ ವ್ಯವಸ್ಥೆಯ ಬುಡವನ್ನು 1971ರ ಆಗಸ್ಟಿನಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್, ಡಾಲರಿಗೆ ಚಿನ್ನ ಕೊಡುವುದನ್ನು ನಿಲ್ಲಿಸಿ, ಕಿತ್ತರು. ಭಾರತದ ತಂಡದಲ್ಲಿ ವೈಸ್‌ರಾಯ್ ಮಂಡಳಿಯ ಹಣಕಾಸು ಸದಸ್ಯ ಜೆರೆಮಿ ರೈಸ್‌ಮನ್, ರಿಸರ್ವ್ ಬ್ಯಾಂಕ್ ಗವರ್ನರ್ ಸಿ.ಡಿ. ದೇಶಮುಖ್, ಆರ್.ಕೆ. ಷಣ್ಮುಖಂ ಚೆಟ್ಟಿ, ಉದ್ಯಮ ರಂಗದ ಎ.ಡಿ. ಶ್ರಾಫ್ ಮೊದಲಾದವರಿದ್ದರು. ಯುದ್ಧದಲ್ಲಿ ಭಾರತ ಒದಗಿಸಿದ ಸರಕು, ಸೇವೆಗೆ ಪ್ರತಿಯಾಗಿ ಲಂಡನ್ನಿನಲ್ಲಿ ಜಮೆಯಾಗಿದ್ದ ಪೌಂಡ್ ಬಾಕಿಯಲ್ಲಿ ಒಂದು ಪಾಲನ್ನಾದರೂ ಬೇರೆ ನಾಣ್ಯಕ್ಕೆ ಬದಲಿಸಿಕೊಳ್ಳಲು ದಾರಿ ಮಾಡಿಕೊಡಿ ಎಂದು ಶ್ರಾಫ್ ವಾದಿಸಿದರು. ಫಲ ಸಿಗಲಿಲ್ಲ. ನಿಧಿಯಲ್ಲಿ ಭಾರತಕ್ಕೆ ನಿಗದಿಯಾದ ಕೋಟಾ, ಅಂದರೆ ಸದಸ್ಯತ್ವದ ಪಾಲು, 40 ಕೋಟಿ ಡಾಲರ್. ಅಂತಿಮ ದಾಖಲೆಗೆ ಸಹಿ ಬಿದ್ದ ಕೋಣೆಯನ್ನು ‘ಗೋಲ್ಡ್ ರೂಮ್’ ಎಂಬ ಹೆಸರಿನಲ್ಲಿ ಇಂದಿಗೂ ತೋರಿಸುತ್ತಾರೆ.

ಇಷ್ಟೆಲ್ಲ ಹೆಸರು ಬಂದರೂ ಹೋಟೆಲಿನ ಗಲ್ಲಾ ತುಂಬಲಿಲ್ಲ. ಜನ ಕಾರಿನಲ್ಲಿ ಬರತೊಡಗಿದರು, ಒಂದೆರಡು ರಾತ್ರಿ ತಂಗಿ ಮುಂದಿನ ಊರಿಗೆ ಹೊರಟರು; ಮೂರು ಹೊತ್ತಿನ ಊಟ ಸೇರಿಸಿ ವಾರಗಟ್ಟಲೆ ಕೋಣೆ ಕೊಡುವ ಹಳೆಯ ಪದ್ಧತಿಗೆ ಗಿರಾಕಿಗಳೇ ಇಲ್ಲವಾದರು. ಅದಕ್ಕಿಂತ ದೊಡ್ಡ ತೊಡಕು ಚಳಿಗಾಲ. ಗಳಿಕೆ ವರ್ಷದ ಕೆಲವು ತಿಂಗಳು ಮಾತ್ರ. ತೆರಿಗೆ, ವಿಮೆ, ಬಡ್ಡಿ, ಚಾವಣಿ ರಿಪೇರಿ ಹನ್ನೆರಡು ತಿಂಗಳೂ. 1986ರಲ್ಲಿ ರಾಷ್ಟ್ರೀಯ ಚಾರಿತ್ರಿಕ ಸ್ಮಾರಕವೆಂಬ ಮಾನ್ಯತೆ ಸಿಕ್ಕಿತು. ಐದೇ ವರ್ಷಕ್ಕೆ, 1991ರಲ್ಲಿ, ಬ್ಯಾಂಕ್ ದಿವಾಳಿಯಾಗಿ ಅಮೆರಿಕದ ಠೇವಣಿ ವಿಮಾ ನಿಗಮದ ಕೈಸೇರಿದ್ದ ಅದೇ ಹೋಟೆಲನ್ನು ಸ್ಥಳೀಯ ಉದ್ಯಮಿಗಳ ಗುಂಪು 30 ಲಕ್ಷ ಡಾಲರ್ ಚಿಲ್ಲರೆಗೆ ಕೊಂಡಿತು. ಬಿರುದಿನಿಂದ ಸಾಲ ತೀರುವುದಿಲ್ಲ.

ಹಾಗಾದರೆ ಚಳಿಗಾಲದಲ್ಲೂ ತೆರೆಯಬಹುದಿತ್ತಲ್ಲ ಎನ್ನಬಹುದು. ಬೇಸಿಗೆಗೆಂದೇ ಕಟ್ಟಿದ ಹೋಟೆಲಿನಲ್ಲಿ ಅದು ಸುಲಭವಲ್ಲ. ನೀರು ಹೆಪ್ಪುಗಟ್ಟುವಾಗ ಗಾತ್ರದಲ್ಲಿ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ, ಪೈಪು ಒಡೆಯುತ್ತದೆ. ಆದ್ದರಿಂದ ಮುಚ್ಚುವಾಗ ಮುಖ್ಯ ವಾಲ್ವ್ ಕಟ್ಟಿ, ಗಾಳಿ ಒಳಹೋಗಲೆಂದು ಮೇಲಿನ ಮಹಡಿಯ ನಲ್ಲಿಗಳನ್ನೆಲ್ಲ ತೆರೆದಿಟ್ಟು, ಎಲ್ಲಕ್ಕಿಂತ ಕೆಳಗಿನ ಕೊಳಾಯಿಯಿಂದ ನೀರು ಬಸಿಯಬೇಕು. ಎಲ್ಲೋ ಜೋಲುಬಿದ್ದ ಅಡ್ಡ ಪೈಪಿನಲ್ಲಿ ಉಳಿದ ಒಂದು ಲೋಟ ನೀರು ಸಾಕು, ವಸಂತದಲ್ಲಿ ಒಂದು ಮಹಡಿಯ ಗಾರೆಯೇ ಕೆಳಗಿಳಿಯುತ್ತದೆ. ಬೇಸಿನ್, ಕಮೋಡುಗಳ ಬಾಗಿದ ಕೊಳವೆಯಲ್ಲಿ ನಿಲ್ಲುವ ನೀರಿಗೆ ಹೆಪ್ಪುಗಟ್ಟದ ದ್ರವ ಬೆರೆಸಬೇಕು. ಹಾಗಲ್ಲದೆ ಒಳಗೆ ಬಿಸಿ ಮಾಡಿ ತೆರೆದಿಟ್ಟರೆ ಬೇರೆಯೇ ಪೀಡೆ: ಶಾಖ ತಡೆಯುವ ಹೊದಿಕೆಯಿಲ್ಲದ ಗೋಡೆಯೊಳಗೆ ಬಿಸಿ ಗಾಳಿಯ ತೇವ ತಣಿದು ಮರ ಕೊಳೆಯುತ್ತದೆ. ಚಾವಣಿಯ ಹಿಮ ಒಳಗಿನ ಶಾಖಕ್ಕೆ ಕರಗಿ, ತಣ್ಣಗಿನ ಸೂರಂಚಿನಲ್ಲಿ ಮತ್ತೆ ಹೆಪ್ಪುಗಟ್ಟಿ ಒಡ್ಡಾಗುತ್ತದೆ. ಹಿಂದೆ ನಿಂತ ನೀರು ಕೋಣೆಗೆ ಸೋರುತ್ತದೆ. ಕಿಟಕಿ, ಗೋಡೆ, ಚಾವಣಿ, ಬಾಯ್ಲರ್ ಎಲ್ಲಕ್ಕೂ ಒಟ್ಟಿಗೇ ಕೈಹಾಕದೆ ಗತ್ಯಂತರವಿಲ್ಲ.

ಎದುರಿನ ಇಳಿಜಾರಿನಲ್ಲಿ ಸ್ಕೀ ತಾಣ ಶುರುವಾದದ್ದು 1973ರಲ್ಲಿ. ಹೋಟೆಲ್ ಮೊದಲ ಸಲ ಚಳಿಗಾಲಕ್ಕೆ ತೆರೆದದ್ದು 1999ರಲ್ಲಿ. 26 ವರ್ಷ ಕಾಸುಳ್ಳ ಗಿರಾಕಿಗಳು ಬೀಗ ಹಾಕಿದ ಹೋಟೆಲನ್ನು ನೋಡುತ್ತಲೇ ಹಿಮದಲ್ಲಿ ಜಾರಿ ಹಿಂದಿರುಗಿದರು. ತೆರೆದ ಮೇಲೆ ಕೆಲಸಗಾರರನ್ನು ವರ್ಷಪೂರ್ತಿ ಇಟ್ಟುಕೊಳ್ಳಲು ಸಾಧ್ಯವಾಯಿತು, ಚಳಿಗಾಲದ ಮದುವೆ, ಸಭೆಗಳು ಬಂದವು, ದೊಡ್ಡ ಬಂಡವಾಳಗಾರರೂ ಬಂದರು. 2009ರಲ್ಲಿ ನಿರ್ವಹಣೆ ವಹಿಸಿಕೊಂಡ ಓಮ್ನಿ ಸಂಸ್ಥೆ 2015ರಲ್ಲಿ ಹೋಟೆಲನ್ನೇ ಕೊಂಡಿತು.

— ಸಂಪಾದಕರು