ಏಳನೆಯ ಹಂತಕ್ಕೂ ಮೂರನೆಯ ಹಂತಕ್ಕೂ ಒಂದೇ ಸಂಬಳವೇಕೆ?

ರಾಜ್ಯದ ಖಜಾನೆ ಇಲಾಖೆಯಲ್ಲಿ ಸೇವೆ ಸಲ್ಲಿಸಿ ನಿವೃತ್ತರಾಗಿರುವ ಶಿವಮೊಗ್ಗದ ಓದುಗರೊಬ್ಬರು ಬರೆದ ಪತ್ರದ ಸಾರಾಂಶ ಹೀಗಿದೆ: "ನನ್ನ ಮಗಳು ಅಮೆರಿಕದ ಪೌರತ್ವ ಪಡೆದು ಅಲ್ಲಿನ ಕೇಂದ್ರ ಸರ್ಕಾರದ ಇಲಾಖೆಯೊಂದರಲ್ಲಿ ಜಿಎಸ್-15 ದರ್ಜೆಯ ನೌಕರಳಾಗಿದ್ದಾಳೆ. ವಾಷಿಂಗ್ಟನ್‌ನಲ್ಲಿರುವ ಆಕೆ ಏಳನೆಯ ಹಂತ ತಲುಪಿದ್ದಾಳೆ. ಸ್ಯಾನ್ ಫ್ರಾನ್ಸಿಸ್ಕೋ ಕಚೇರಿಯಲ್ಲಿ ಅದೇ ದರ್ಜೆಯ, ಆದರೆ ಇನ್ನೂ ಮೂರನೆಯ ಹಂತದಲ್ಲಿರುವ ಸಹೋದ್ಯೋಗಿಗೂ ಆಕೆಗೂ 2025ರಲ್ಲಿ ಒಂದು ಡಾಲರ್ ವ್ಯತ್ಯಾಸವೂ ಇಲ್ಲದಂತೆ ಒಂದೇ ಸಂಬಳ ಬಂದಿದೆ. ಸೇವಾ ಹಿರಿತನಕ್ಕೆ ಬೆಲೆಯೇ ಇಲ್ಲವೆ? ಊರನ್ನು ನೋಡಿ ಸಂಬಳ ಕೊಡುವುದು ನ್ಯಾಯವೆ? ಮೊಂಟಾನಾ ರಾಜ್ಯದ ಹೆಲೆನಾಕ್ಕೆ ವರ್ಗ ಕೇಳುವ ಯೋಚನೆ ಆಕೆಗಿದೆ. ಕೇಳಬಹುದೆ?"

ಮಾನ್ಯರೆ,

ವೇತನ ನಿಗದಿಯ ಕಡತಗಳನ್ನು ವರ್ಷಗಟ್ಟಲೆ ನೋಡಿದ ತಮಗೆ ಈ ಲೆಕ್ಕ ವಿಚಿತ್ರವಾಗಿ ಕಂಡದ್ದು ಸಹಜ. ತಮ್ಮ ಮಗಳಿಗೆ ಅನ್ಯಾಯವಾಗಿದೆ ಎಂಬ ಮಾತನ್ನು ನಾನೂ ಒಪ್ಪುತ್ತೇನೆ. ಆದರೆ ಆ ಅನ್ಯಾಯ ಸ್ಯಾನ್ ಫ್ರಾನ್ಸಿಸ್ಕೋದ ಕಡೆಯಿಂದ ಬಂದದ್ದಲ್ಲ. ಎರಡೂ ಊರುಗಳ ನೌಕರರ ಮೇಲೆ ಒಂದೇ ಸಮನಾಗಿ ಕುಳಿತಿರುವ ಸಂಬಳದ ಮೇಲ್ಮಿತಿಯಿಂದ ಬಂದದ್ದು. ಇದು ಸ್ಪಷ್ಟವಾಗಬೇಕಾದರೆ ಸಂಬಳ ಹೇಗೆ ರೂಪುಗೊಳ್ಳುತ್ತದೆ ಎಂಬುದನ್ನು ಮೊದಲಿನಿಂದ ನೋಡಬೇಕು.

ಅಮೆರಿಕದ ಕೇಂದ್ರ ಸರ್ಕಾರದ ಕಚೇರಿ ನೌಕರರಲ್ಲಿ ಬಹುಪಾಲು ಜನರಿಗೆ ಅನ್ವಯಿಸುವ ಜನರಲ್ ಶೆಡ್ಯೂಲ್ (ಜಿಎಸ್) ಎಂಬ ವೇತನ ಪಟ್ಟಿ 1949ರ ಕಾಯ್ದೆಯಿಂದ ಬಂದದ್ದು. ಅದರಲ್ಲಿ 15 ದರ್ಜೆಗಳಿದ್ದು ಪ್ರತಿ ದರ್ಜೆಗೂ 10 ಹಂತಗಳಿವೆ. ಜಿಎಸ್-15 ಈ ಪಟ್ಟಿಯ ಕೊನೆಯ ದರ್ಜೆ. 2025ರ ಪಟ್ಟಿಯಲ್ಲಿ ಅದರ ಮೊದಲ ಹಂತದ ಮೂಲ ವೇತನ ವರ್ಷಕ್ಕೆ 1,25,133 ಡಾಲರ್. ಹಂತಕ್ಕೆ 4,171 ಡಾಲರ್‌ನಂತೆ ಏರಿ ಹತ್ತನೆಯ ಹಂತದಲ್ಲಿ ಅದು 1,62,672 ಡಾಲರ್ ಆಗುತ್ತದೆ. ನಮ್ಮಲ್ಲಿ ವಾರ್ಷಿಕ ವೇತನ ಬಡ್ತಿ ಹೆಸರೇ ಹೇಳುವಂತೆ ವರ್ಷಕ್ಕೊಮ್ಮೆ ಬರುತ್ತದೆ. ಅಲ್ಲಿ ಮೊದಲ ಮೂರು ಏರಿಕೆಗಳಿಗೆ ಮಾತ್ರ ಒಂದೊಂದು ವರ್ಷ ಸಾಕು. ನಂತರದ ಮೂರಕ್ಕೆ ಎರಡೆರಡು ವರ್ಷ, ಕೊನೆಯ ಮೂರಕ್ಕೆ ಮೂರು ಮೂರು ವರ್ಷ ಕಾಯಬೇಕು. ಕೆಲಸ ತೃಪ್ತಿಕರವಾಗಿದೆ ಎಂದು ಮೇಲಧಿಕಾರಿ ದೃಢಪಡಿಸಲೂ ಬೇಕು. ಅತ್ಯುತ್ತಮ ಕೆಲಸಕ್ಕೆ ಅವಧಿಗೆ ಮುನ್ನವೇ ಒಂದು ಹಂತ ಕೊಡುವ ಅವಕಾಶವೂ ಉಂಟು. ಅದನ್ನು ಬದಿಗಿಟ್ಟರೆ ಒಂದೇ ದರ್ಜೆಯಲ್ಲಿ ತಳದಿಂದ ತುದಿಗೆ ಹೋಗಲು 18 ವರ್ಷ ಬೇಕು. ತಮ್ಮ ಮಗಳು ಮೂರನೆಯ ಹಂತದಿಂದ ಏಳಕ್ಕೆ ಬರಲು ಏಳು ವರ್ಷ ದುಡಿದಿರುತ್ತಾರೆ. ಆ ಏಳು ವರ್ಷದ ಬೆಲೆ ಮೂಲ ವೇತನದಲ್ಲಿ 16,684 ಡಾಲರ್. ಹಾಗಾಗಿ ಹಿರಿತನಕ್ಕೆ ಪಟ್ಟಿಯಲ್ಲಿ ಬೆಲೆ ಇದ್ದೇ ಇದೆ.

ಇನ್ನು ಊರಿನ ವಿಚಾರ. 1990ರಲ್ಲಿ ಜಾರ್ಜ್ ಎಚ್. ಡಬ್ಲ್ಯು. ಬುಷ್ ಅಧ್ಯಕ್ಷರಾಗಿದ್ದಾಗ ಬಂದ ಕಾಯ್ದೆಯೊಂದು, ಮೂಲ ವೇತನದ ಮೇಲೆ ಕೆಲಸದ ಸ್ಥಳಕ್ಕೆ ತಕ್ಕಂತೆ ಶೇಕಡಾವಾರು ಸೇರಿಸುವ ಲೊಕ್ಯಾಲಿಟಿ ಪೇ ಪದ್ಧತಿಯನ್ನು ತಂದಿತು. ಅದು ಜಾರಿಯಾದದ್ದು 1994ರಿಂದ. ಇದನ್ನು ನಮ್ಮ ಮನೆ ಬಾಡಿಗೆ ಭತ್ಯೆಯ ಹಾಗೆ ಎಂದು ತಾವು ಪತ್ರದಲ್ಲಿ ಊಹಿಸಿದ್ದೀರಿ. ಇಲ್ಲಿ ಸ್ವಲ್ಪ ಎಚ್ಚರ ಬೇಕು. ನಮ್ಮ ಕೇಂದ್ರ ನೌಕರರಿಗೆ ಬೆಂಗಳೂರಿನಲ್ಲಿ ಹೆಚ್ಚು, ಮೈಸೂರು ಅಥವಾ ಹುಬ್ಬಳ್ಳಿ-ಧಾರವಾಡದಲ್ಲಿ ಅದಕ್ಕಿಂತ ಕಡಿಮೆ, ಶಿವಮೊಗ್ಗದಲ್ಲಿ ಇನ್ನೂ ಕಡಿಮೆ ದರದಲ್ಲಿ ಸಿಗುವ ಆ ಭತ್ಯೆ ವಸತಿಯ ಖರ್ಚಿಗೆಂದು ಕೊಡುವಂಥದ್ದು. ನಿವೃತ್ತಿ ವೇತನದ ಲೆಕ್ಕಕ್ಕೆ ಅದು ಬರುವುದಿಲ್ಲ. ಅಮೆರಿಕದ ಸ್ಥಳಾಧಾರಿತ ವೇತನಕ್ಕೂ ಮನೆ ಬಾಡಿಗೆಗೂ, ತರಕಾರಿ ಬೆಲೆಗೂ ನೇರ ಸಂಬಂಧವಿಲ್ಲ. ಆ ಪ್ರದೇಶದಲ್ಲಿ ಅದೇ ಮಟ್ಟದ ಕೆಲಸಕ್ಕೆ ಕೇಂದ್ರ ಸರ್ಕಾರದ ಹೊರಗಿನ ಸಂಸ್ಥೆಗಳು ಎಷ್ಟು ಸಂಬಳ ಕೊಡುತ್ತವೆ ಎಂದು ಅಲ್ಲಿನ ಕಾರ್ಮಿಕ ಅಂಕಿಅಂಶ ಇಲಾಖೆ ಸಮೀಕ್ಷೆ ಮಾಡುತ್ತದೆ, ಆ ಸಂಬಳಕ್ಕೂ ಸರ್ಕಾರಿ ಸಂಬಳಕ್ಕೂ ಇರುವ ಅಂತರದ ಆಧಾರದ ಮೇಲೆ ದರ ನಿಗದಿಯಾಗುತ್ತದೆ. ಈ ಮೊತ್ತ ನಿವೃತ್ತಿ ವೇತನದ ಲೆಕ್ಕಕ್ಕೂ ಸೇರುತ್ತದೆ.

ಬದುಕಿನ ಖರ್ಚು ಇಲ್ಲಿ ಅಳತೆಗೋಲಲ್ಲ ಎಂಬುದಕ್ಕೆ ಹ್ಯೂಸ್ಟನ್ ಮತ್ತು ಹವಾಯಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಸಾಕು. ಹ್ಯೂಸ್ಟನ್‌ನಲ್ಲಿ ಮನೆ ಬಾಡಿಗೆ ವಾಷಿಂಗ್ಟನ್‌ಗಿಂತ ಅಗ್ಗ; ಆದರೆ ತೈಲ ಕಂಪನಿಗಳು ಎಂಜಿನಿಯರುಗಳಿಗೂ ಲೆಕ್ಕಪತ್ರದವರಿಗೂ ಧಾರಾಳವಾಗಿ ಸಂಬಳ ಕೊಡುವ ಊರು ಅದು. 2025ರಲ್ಲಿ ಅದರ ದರ ಶೇ. 35. ವಾಷಿಂಗ್ಟನ್‌ನದು ಶೇ. 33.94. ದಿನಸಿಯಿಂದ ಹಿಡಿದು ಬಹುಪಾಲು ಸರಕು ಹಡಗಿನಲ್ಲೇ ಬರಬೇಕಾದ, ದುಬಾರಿ ರಾಜ್ಯಗಳ ಸಾಲಿನಲ್ಲಿ ಮುಂದೆ ನಿಲ್ಲುವ ಹವಾಯಿಗೆ ಶೇ. 22.21 ಮಾತ್ರ. ಬದುಕಿನ ಖರ್ಚಿಗೆಂದು ಅಲ್ಲಿನವರಿಗೆ ಪ್ರತ್ಯೇಕ ಭತ್ಯೆ ಇದೆ ನಿಜ, ಅದು ಬೇರೆ ಲೆಕ್ಕದ್ದು. ಸ್ಯಾನ್ ಫ್ರಾನ್ಸಿಸ್ಕೋದ ದರ ಶೇ. 46.34 ಇರುವುದು ಅಲ್ಲಿನ ಬಾಡಿಗೆ ವಿಪರೀತವಾದ್ದರಿಂದ ಎಂದು ಹಲವರು ತಿಳಿದಿದ್ದಾರೆ. ಅಲ್ಲಿನ ತಂತ್ರಜ್ಞಾನ ಕಂಪನಿಗಳು ಕೊಡುವ ಸಂಬಳದ ಎದುರು ಸರ್ಕಾರ ಜನರನ್ನು ಉಳಿಸಿಕೊಳ್ಳಬೇಕಾಗಿದೆ ಎಂಬುದು ಅಸಲು ಕಾರಣ. ಊರಿಗೆ ತಕ್ಕ ಸಂಬಳ ನ್ಯಾಯವೆ ಎಂಬ ತಮ್ಮ ಪ್ರಶ್ನೆಗೆ ನನ್ನ ಉತ್ತರ, ಹೌದು. ಒಳ್ಳೆಯ ವೈದ್ಯರೂ ಎಂಜಿನಿಯರುಗಳೂ ಸರ್ಕಾರಿ ಕೆಲಸವನ್ನು ಬಿಟ್ಟುಹೋಗದಂತೆ ನೋಡಿಕೊಳ್ಳುವುದು ಜನರ ಹಿತದ ಕೆಲಸವೇ. ಕೇಂದ್ರ ಸರ್ಕಾರದ ಮತ್ತು ಅದರ ಹೊರಗಿನ ಸಂಬಳಗಳ ಅಂತರವನ್ನು ಶೇ. 5ಕ್ಕೆ ಇಳಿಸಬೇಕೆಂಬುದು 1990ರ ಕಾಯ್ದೆಯ ಗುರಿಯಾಗಿತ್ತು. ಯಾವ ಪಕ್ಷದ ಅಧ್ಯಕ್ಷರಿದ್ದರೂ ಕಾಯ್ದೆಯ ಸೂತ್ರಕ್ಕೆ ಪರ್ಯಾಯ ಯೋಜನೆ ಎಂಬ ಹೆಸರಿನಲ್ಲಿ ಕಡಿಮೆ ದರಗಳನ್ನೇ ಪ್ರಕಟಿಸುತ್ತ ಬಂದದ್ದರಿಂದ ಆ ಗುರಿ ಪೂರ್ಣವಾಗಿ ಈಡೇರಿಲ್ಲ ಎಂಬುದು ಬೇಸರದ ಸಂಗತಿ.

ಇಂಥ ಪ್ರದೇಶಗಳು ಒಟ್ಟು 58. ಹೆಸರಿಟ್ಟು ಗುರುತಿಸದ ಎಲ್ಲ ಊರುಗಳೂ "ಉಳಿದ ಅಮೆರಿಕ" ಎಂಬ ಒಂದೇ ಪ್ರದೇಶಕ್ಕೆ ಸೇರುತ್ತವೆ, ಅದರ ದರ ಶೇ. 17.06. ಗಡಿಗಳನ್ನು ಕೌಂಟಿಗಳ (ನಮ್ಮ ಜಿಲ್ಲೆಗಳಂಥ ಆಡಳಿತ ವಿಭಾಗಗಳ) ಲೆಕ್ಕದಲ್ಲಿ ಎಳೆದಿರುವುದರಿಂದ, ವಾಷಿಂಗ್ಟನ್‌ನ ದರ ನೆರೆಯ ವೆಸ್ಟ್ ವರ್ಜೀನಿಯಾದ ಮಾರ್ಟಿನ್ಸ್‌ಬರ್ಗ್‌ನಂಥ ಸಣ್ಣ ಊರಿಗೂ ಅನ್ವಯಿಸುತ್ತದೆ. ದರವನ್ನು ನಿರ್ಧರಿಸುವುದು ನೌಕರರ ಮನೆಯ ವಿಳಾಸವಲ್ಲ, ಕಡತದಲ್ಲಿ ದಾಖಲಾದ ಕೆಲಸದ ಸ್ಥಳ. ಮನೆಯಿಂದ ಕೆಲಸ ಮಾಡುವ ಅನುಮತಿ ಇದ್ದವರು ಎರಡು ವಾರಗಳ ಪ್ರತಿ ವೇತನ ಅವಧಿಯಲ್ಲಿ ಕನಿಷ್ಠ ಎರಡು ಸಲ ಕಚೇರಿಗೆ ಬರುತ್ತಿದ್ದರೆ ಕಚೇರಿಯ ಊರಿನ ದರ; ಬಾರದಿದ್ದರೆ ಸಾಮಾನ್ಯವಾಗಿ ಮನೆಯಿರುವ ಊರಿನ ದರ.

ಈಗ ತಮ್ಮ ಮಗಳ ಲೆಕ್ಕಕ್ಕೆ ಬರೋಣ. ಏಳನೆಯ ಹಂತದ ಮೂಲ ವೇತನ 1,50,159 ಡಾಲರ್. ಅದಕ್ಕೆ ವಾಷಿಂಗ್ಟನ್‌ನ ಶೇ. 33.94 ಸೇರಿಸಿದರೆ 2,01,123 ಡಾಲರ್ ಆಗಬೇಕು. ಸ್ಯಾನ್ ಫ್ರಾನ್ಸಿಸ್ಕೋದವರ ಮೂರನೆಯ ಹಂತ 1,33,475 ಡಾಲರ್, ಶೇ. 46.34 ಸೇರಿ 1,95,327 ಆಗಬೇಕು. ಅಂದರೆ ಊರಿನ ಅಷ್ಟು ದೊಡ್ಡ ಅಂತರವನ್ನು ದಾಟಿಯೂ ಹಿರಿತನವೇ ಸುಮಾರು 5,800 ಡಾಲರ್ ಮುಂದೆ ಇರುತ್ತಿತ್ತು. ಇಬ್ಬರ ಕೈಗೂ ಅಷ್ಟು ಬರಲಿಲ್ಲ. ಮೂಲ ವೇತನ ಮತ್ತು ಸ್ಥಳಾಧಾರಿತ ವೇತನ ಸೇರಿ, ಉನ್ನತ ರಾಜಕೀಯ ಹುದ್ದೆಗಳಿಗೆಂದು ಇರುವ ಎಕ್ಸಿಕ್ಯುಟಿವ್ ಶೆಡ್ಯೂಲ್‌ನ ನಾಲ್ಕನೆಯ ಮಟ್ಟದ ವೇತನವನ್ನು ಮೀರಕೂಡದು ಎಂದು ಕಾನೂನಿದೆ. 2025ರಲ್ಲಿ ಆ ಮಿತಿ 1,95,200 ಡಾಲರ್. ಲೆಕ್ಕ ಎಲ್ಲಿಗೇ ಮುಟ್ಟಲಿ, ಸಂಬಳ ಅಲ್ಲಿಗೆ ನಿಲ್ಲುತ್ತದೆ. ತಮ್ಮ ಮಗಳು 5,923 ಡಾಲರ್ ಕಳೆದುಕೊಂಡರು, ಆ ಸಹೋದ್ಯೋಗಿ ಬರೀ 127.

ಆದರೂ ಆ ಸಹೋದ್ಯೋಗಿಯನ್ನು ಅದೃಷ್ಟವಂತರೆಂದು ಭಾವಿಸಬೇಡಿ. ಮೂರನೆಯ ಹಂತಕ್ಕೇ ಮಿತಿ ಮುಟ್ಟಿದ ಅವರು ಹತ್ತನೆಯ ಹಂತ ತಲುಪಲು ಇನ್ನೂ 16 ವರ್ಷ ದುಡಿಯಬೇಕು. ಈ ಅವಧಿಯಲ್ಲಿ ಮಿತಿಯನ್ನೇ ಏರಿಸಿದಾಗ ಸಿಗುವಷ್ಟು ಹೆಚ್ಚಳ ಬಿಟ್ಟರೆ, ಸೇವಾ ದಾಖಲೆಯಲ್ಲಿ ನಮೂದಾಗುವ ಏಳು ಏರಿಕೆಗಳಲ್ಲಿ ಒಂದೂ ಸಂಬಳದ ಚೀಟಿಯಲ್ಲಿ ಕಾಣುವುದಿಲ್ಲ. ಹತ್ತನೆಯ ಹಂತದಲ್ಲಿ ಅವರಿಗೆ ಬರಬೇಕಾದ ಮೊತ್ತ 2025ರ ಲೆಕ್ಕದಲ್ಲಿ 2,38,054 ಡಾಲರ್, ಕೊರತೆ 42,854. ವಾಷಿಂಗ್ಟನ್‌ನಲ್ಲಿ ಅದೇ ಹಂತದವರ ಕೊರತೆ 22,683. "ಉಳಿದ ಅಮೆರಿಕ"ದ ಹತ್ತನೆಯ ಹಂತದವರು 1,90,424 ಡಾಲರ್ ಪಡೆದು ಮಿತಿಯ ಕೆಳಗೇ ಉಳಿಯುವುದರಿಂದ ಅವರಿಗೆ ಕೊರತೆಯೇ ಇಲ್ಲ. ಮೊದಲ ಹಂತದಲ್ಲಿ ಸ್ಯಾನ್ ಫ್ರಾನ್ಸಿಸ್ಕೋಗೂ "ಉಳಿದ ಅಮೆರಿಕ"ಕ್ಕೂ ನಡುವೆ 36,600 ಡಾಲರ್‌ಗೂ ಹೆಚ್ಚಿದ್ದ ಅಂತರ ಹತ್ತನೆಯ ಹಂತದಲ್ಲಿ 4,776ಕ್ಕೆ ಕುಗ್ಗುತ್ತದೆ. ಖಾಸಗಿ ಕಂಪನಿಗಳು ಅನುಭವಿಗಳನ್ನು ಅತಿ ಹೆಚ್ಚು ಸೆಳೆಯುವ ಊರಿನಲ್ಲೇ ಸರ್ಕಾರದ ಕೈ ಅತಿ ಹೆಚ್ಚು ಕಟ್ಟಿಹೋಗಿದೆ ಎಂದರ್ಥ. ಅಷ್ಟೇ ಅಲ್ಲ, ಅದೇ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಒಂದು ದರ್ಜೆ ಕೆಳಗಿನ ಜಿಎಸ್-14ರವರೂ ಒಂಬತ್ತನೆಯ ಹಂತಕ್ಕೆ ಬರುವಾಗ ಇದೇ 1,95,200 ಮುಟ್ಟುತ್ತಾರೆ. ಮೇಲ್ವಿಚಾರಣೆ ಮಾಡುವವರಿಗೂ ಅವರ ಕೈಕೆಳಗಿನವರಿಗೂ ಒಂದೇ ಸಂಬಳ! ಬಡ್ತಿ ಪಡೆದು ಹೊಣೆ ಹೆಚ್ಚಿಸಿಕೊಳ್ಳಿ ಎಂದು ಅವರಿಗೆ ಯಾವ ಬಾಯಿಂದ ಹೇಳುವುದು?

ಮೇಲ್ಮಿತಿಯೇ ಬೇಡ ಎಂದು ನಾನು ಹೇಳುತ್ತಿಲ್ಲ. ರಾಜಕೀಯವಾಗಿ ನೇಮಕಗೊಂಡ ಮುಖ್ಯಸ್ಥರಿಗಿಂತ ಅಧೀನ ನೌಕರರು ಹೆಚ್ಚು ಪಡೆಯಬಾರದು ಎಂಬ ತರ್ಕ ನಮ್ಮ ದೇಶಕ್ಕೂ ಹೊಸದಲ್ಲ. ಆದರೆ ಅಮೆರಿಕದ ಸಂಸತ್ ಸದಸ್ಯರ ಸಂಬಳವೇ 2009ರಿಂದ 1,74,000 ಡಾಲರ್‌ನಲ್ಲಿ ನಿಂತಿದೆ. ತಮ್ಮ ಸಂಬಳವನ್ನು ಏರಿಸಿಕೊಳ್ಳಲು ಮತದಾರರಿಗೆ ಅಂಜುವ ಜನಪ್ರತಿನಿಧಿಗಳು ಅಧಿಕಾರಿಗಳ ಮಿತಿಯನ್ನು ಸಡಿಲಿಸಲು ಮುಂದಾಗುವುದು ಕಷ್ಟ. ಹಂತ ಮತ್ತು ಊರು ಎಂಬ ಎರಡು ಅಳತೆಗಳನ್ನು ಅಷ್ಟು ಶ್ರಮಪಟ್ಟು ರೂಪಿಸಿ, ಕೊನೆಗೆ ಎರಡನ್ನೂ ಒಂದೇ ಅಂಕಿಯಲ್ಲಿ ಅಳಿಸಿಹಾಕುವುದು ಸರಿಯಾದ ಆಡಳಿತವಲ್ಲ. ಕನಿಷ್ಠ ಪಕ್ಷ ದರ್ಜೆಗಳ ನಡುವಿನ ಅಂತರ ಉಳಿಯುವಷ್ಟಾದರೂ ಮಿತಿ ಮೇಲೇರಬೇಕು.

ಹೆಲೆನಾಕ್ಕೆ ವರ್ಗವಾದರೆ ಅದು "ಉಳಿದ ಅಮೆರಿಕ"ದ ದರದ ಊರು. ಏಳನೆಯ ಹಂತ ಹಾಗೆಯೇ ಮುಂದುವರಿಯುತ್ತದೆ, ಮುಂದಿನ ಹಂತಕ್ಕೆ ಈಗಾಗಲೇ ಕಾದ ಅವಧಿಯೂ ವ್ಯರ್ಥವಾಗುವುದಿಲ್ಲ. ಸಂಬಳ ಮಾತ್ರ 2025ರ ಪಟ್ಟಿಯಂತೆ 1,75,776 ಡಾಲರ್‌ಗೆ ಇಳಿಯುತ್ತದೆ. ವರ್ಷಕ್ಕೆ 19,424 ಡಾಲರ್ ಕಡಿಮೆ. ಆದರೆ ಅಲ್ಲಿ ಮುಂದಿನ ಮೂರು ಹಂತಗಳೂ ಸಂಬಳಕ್ಕೆ ನಿಜವಾಗಿ ಸೇರುತ್ತವೆ: 1,80,659, 1,85,541, ಆಮೇಲೆ 1,90,424. ವಾಷಿಂಗ್ಟನ್‌ನ ಬಾಡಿಗೆಯನ್ನೂ ಹೆಲೆನಾದ ಬಾಡಿಗೆಯನ್ನೂ ಎದುರುಬದುರು ಬರೆದು ನೋಡಿದರೆ ಈ ನಷ್ಟ ಅವರ ಮನೆಯ ಖರ್ಚಿಗೆ ಎಷ್ಟರ ಮಟ್ಟಿಗೆ ತಟ್ಟುತ್ತದೆ ಎಂಬುದು ತಿಳಿಯುತ್ತದೆ. ನಿವೃತ್ತಿ ವೇತನಕ್ಕೆ ಸತತ ಮೂರು ವರ್ಷಗಳ ಅತ್ಯಧಿಕ ಸರಾಸರಿ ವೇತನವೇ ಆಧಾರ. ಅವು ಸೇವೆಯ ಕೊನೆಯ ವರ್ಷಗಳೇ ಆಗಬೇಕೆಂದಿಲ್ಲ. ವಾಷಿಂಗ್ಟನ್‌ನಲ್ಲಿ ಮಿತಿಯ ಸಂಬಳದಲ್ಲಿ ಮೂರು ವರ್ಷ ಪೂರೈಸಿ ಹೊರಟರೆ ಆ ಸರಾಸರಿ ಅವರ ಲೆಕ್ಕದಲ್ಲಿ ಭದ್ರವಾಗಿರುತ್ತದೆ. ಅವರ ಸಂಬಳ ಎಂದಿನಿಂದ ಮಿತಿ ಮುಟ್ಟಿದೆ, ಮೂರು ವರ್ಷಕ್ಕೆ ಇನ್ನೆಷ್ಟು ತಿಂಗಳು ಬಾಕಿ ಎಂಬುದನ್ನು ಅರ್ಜಿ ಹಾಕುವ ಮೊದಲು ನೋಡಿಕೊಳ್ಳಲಿ.

ಇನ್ನೊಂದು ದಾರಿಯೂ ಇದೆ. ಜಿಎಸ್-15ರ ಮೇಲಿರುವ ಸೀನಿಯರ್ ಎಕ್ಸಿಕ್ಯುಟಿವ್ ಸರ್ವಿಸ್‌ನಲ್ಲಿ ಹಂತಗಳೂ ಇಲ್ಲ, ಊರಿನ ದರವೂ ಇಲ್ಲ. ಕಾರ್ಯಕ್ಷಮತೆಯನ್ನು ನೋಡಿ ಸಂಬಳ ನಿಗದಿಯಾಗುತ್ತದೆ. ಮೌಲ್ಯಮಾಪನ ವ್ಯವಸ್ಥೆಗೆ ಮಾನ್ಯತೆ ಪಡೆದ ಇಲಾಖೆಗಳಲ್ಲಿ 2025ರ ಗರಿಷ್ಠ 2,25,700 ಡಾಲರ್. ಆಡಳಿತದ ಹೊಣೆ ಹೊರಲು ಮನಸ್ಸಿದ್ದರೆ ವಾಷಿಂಗ್ಟನ್‌ನಲ್ಲೇ ಉಳಿದು ಅದಕ್ಕೆ ಪ್ರಯತ್ನಿಸಬಹುದು. ಮನಸ್ಸು ಹೆಲೆನಾದ ಕಡೆಗೇ ಇದ್ದರೆ, ವರ್ಗಾವಣೆ ಆದೇಶದಲ್ಲಿ ಕೆಲಸದ ಸ್ಥಳವೆಂದು ಯಾವ ಊರು, ಯಾವ ಕೌಂಟಿ ನಮೂದಾಗಿದೆ ಮತ್ತು ಎಂಟನೆಯ ಹಂತದ ದಿನಾಂಕ ಯಾವುದು ಎಂಬುದನ್ನು ಲಿಖಿತವಾಗಿ ಪಡೆದುಕೊಂಡು ಆಮೇಲೆ ಒಪ್ಪಿಗೆ ಕೊಡುವಂತೆ ತಮ್ಮ ಮಗಳಿಗೆ ದಯವಿಟ್ಟು ತಿಳಿಸಿ.

— ಸಂಪಾದಕ