ಬುಕಿಂಗ್ ಹಣ ವಾಪಸ್ ಬೇಕಾದರೆ ಆ ಫಾರಂಗೆ ಸಹಿ ಬೇಡ

ಪ್ರಶ್ನೆ: ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. 2024ರಲ್ಲಿ ಸರ್ಜಾಪುರ ರಸ್ತೆ ಕಡೆ ‘ಪ್ರೀ-ಲಾಂಚ್ ರೇಟು’ ಅಂತ 84 ಲಕ್ಷದ ಫ್ಲ್ಯಾಟ್ ಬುಕ್ ಮಾಡಿ, ಬ್ಯಾಂಕ್ ಮೂಲಕವೇ 12 ಲಕ್ಷ ಕಟ್ಟಿದ. ಅಗ್ರಿಮೆಂಟ್ ಆಗಿಲ್ಲ. ಆರು ತಿಂಗಳಲ್ಲಿ ಕೆಲಸ ಶುರು ಅಂದಿದ್ದರು. ಈಗಲೂ ಅಲ್ಲಿರುವುದು ತಗಡಿನ ಬೇಲಿ, ಒಳಗೆ ತೆಂಗಿನ ಮರ. ಹಣ ವಾಪಸ್ ಕೇಳಿದರೆ ಷರತ್ತಿನ ಪ್ರಕಾರ ಅರ್ಧ ಹಿಡಿಯುತ್ತೇವೆ ಅನ್ನುತ್ತಾರೆ. ಅವರು ಕೊಟ್ಟ ಕ್ಯಾನ್ಸಲೇಷನ್ ಫಾರಂ ಫೋಟೊ ಇಟ್ಟಿದ್ದೇನೆ. ಸಹಿ ಹಾಕಿ ಸಿಕ್ಕಷ್ಟು ತೆಗೆದುಕೊಳ್ಳೋದೇ ಒಳ್ಳೆಯದಾ?
– ನಿವೃತ್ತ ಶಿಕ್ಷಕಿ, ದಾವಣಗೆರೆ

ಉತ್ತರ: ಬೇಡ. ಫೋಟೊ ಕಳಿಸಿದ್ದು ಒಳ್ಳೆಯದಾಯಿತು. ಫಾರಂನ ಮೂರನೇ ಸಾಲು ಓದಿದಿರಾ? ‘ವೈಯಕ್ತಿಕ ಕಾರಣಗಳಿಂದ ನಾನೇ ಬುಕಿಂಗ್ ರದ್ದು ಮಾಡುತ್ತಿದ್ದೇನೆ’ ಅಂತ ಅಚ್ಚು ಹಾಕಿಯೇ ಕೊಟ್ಟಿದ್ದಾರೆ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ‘ಮುಂದೆ ಯಾವ ತಕರಾರೂ ಇಲ್ಲ’. ಕೆಲಸ ಶುರು ಮಾಡದವರು ಅವರು, ಸಹಿ ಬಿದ್ದರೆ ಕೈಕೊಟ್ಟವರು ನೀವು! ನನ್ನ ಬಳಿ ಬರುವ ಇಂಥ ಕೇಸುಗಳಲ್ಲಿ ಅರ್ಧ ಸೋಲು ಈ ಒಂದು ಸಾಲಿನಿಂದಲೇ.

ಮೊದಲು ರಸೀದಿ ತೆಗೆದು ನೋಡಿ. ‘ಪಿಆರ್‌ಎಂ/ಕೆಎ/ರೇರಾ’ ಅಂತ ಶುರುವಾಗುವ ನಂಬರ್ ಇದೆಯಾ? ಅದು ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದಲ್ಲಿ ಪ್ರಾಜೆಕ್ಟಿನ ನೋಂದಣಿ ನಂಬರ್. ಇಲ್ಲದಿದ್ದರೆ ಕರ್ನಾಟಕ ರೇರಾ ವೆಬ್‌ಸೈಟಿನಲ್ಲಿ ಪ್ರಾಜೆಕ್ಟ್ ಹೆಸರು ಹಾಕಿ ಹುಡುಕಿ. ಅಲ್ಲೂ ಇಲ್ಲ ಅಂದರೆ ನಿಮ್ಮ ಕೈ ಮೇಲಾಯಿತು. ಇಷ್ಟು ದೊಡ್ಡ ಪ್ರಾಜೆಕ್ಟನ್ನು ನೋಂದಣಿ ಇಲ್ಲದೆ ಜಾಹೀರಾತು ಮಾಡುವುದು, ಬುಕಿಂಗ್ ತೆಗೆದುಕೊಳ್ಳುವುದು ಎರಡೂ 2016ರ ರೇರಾ ಕಾಯ್ದೆಗೆ ವಿರುದ್ಧ. ‘ಪ್ರೀ-ಲಾಂಚ್’ ಅನ್ನೋದರ ಬಹುಪಾಲು ಕಥೆ ಇಷ್ಟೇ.

ನೋಂದಣಿ ಇದ್ದರೂ ಇನ್ನೊಂದು ದಾರಿ ಇದೆ. ಮಾರಾಟದ ಅಗ್ರಿಮೆಂಟ್ ಮಾಡಿ ರಿಜಿಸ್ಟರ್ ಮಾಡಿಸದೆ ಬಿಲ್ಡರ್ ಬೆಲೆಯ ಶೇ. 10ಕ್ಕಿಂತ ಜಾಸ್ತಿ ಹಣ ಪಡೆಯುವಂತಿಲ್ಲ, ಅದೇ ಕಾಯ್ದೆಯ 13ನೇ ಕಲಂ. 84 ಲಕ್ಷಕ್ಕೆ 8 ಲಕ್ಷ 40 ಸಾವಿರ. ನಿಮ್ಮಿಂದ 12 ತೆಗೆದುಕೊಂಡಿದ್ದಾರೆ. ಸೇಲ್ಸ್ ಹುಡುಗರಿಗೆ ಈ ಲೆಕ್ಕ ಚೆನ್ನಾಗಿಯೇ ಗೊತ್ತಿರುತ್ತದೆ.

ಅರ್ಧ ಹಿಡಿಯುವ ಷರತ್ತಿಗೆ ಹೆದರಬೇಡಿ. ಗುರುಗ್ರಾಮದ ಒಂದು ಫ್ಲ್ಯಾಟ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ 2019ರಲ್ಲೇ ಹೇಳಿದೆ: ಬೇರೆ ದಾರಿಯಿಲ್ಲದೆ ಸಹಿ ಹಾಕಿದ ಒಮ್ಮುಖ ಷರತ್ತಿಗೆ ಖರೀದಿದಾರರನ್ನು ಕಟ್ಟಿಹಾಕುವಂತಿಲ್ಲ.

ಈಗ ಮಗನ ಹೆಸರಿನಲ್ಲೇ ಒಂದು ಪತ್ರ ಬರೆಸಿ. ಕಟ್ಟಿದ ತಾರೀಖು, ಮೊತ್ತ, ಆರು ತಿಂಗಳ ಮಾತು, ಅಗ್ರಿಮೆಂಟ್ ಆಗದಿರುವುದು, ಇಷ್ಟೇ ಸಾಕು. ‘ನಿಮ್ಮ ಕಡೆಯ ತಪ್ಪಿನಿಂದ ಹಿಂದೆ ಸರಿಯುತ್ತಿದ್ದೇನೆ, ಪೂರ್ತಿ ಹಣ ಬಡ್ಡಿ ಸಮೇತ ಕೊಡಿ’ ಅನ್ನುವ ಸಾಲು ಮಾತ್ರ ಇರಲೇಬೇಕು. ಅಂಚೆಯಲ್ಲಿ ರಿಜಿಸ್ಟರ್ಡ್ ಆಗಿಯೂ ಇಮೇಲ್‌ನಲ್ಲೂ ಕಳಿಸಿ. ‘ಆರು ತಿಂಗಳು’ ಅಂದ ವಾಟ್ಸ್‌ಆ್ಯಪ್ ಮೆಸೇಜು, ಬ್ರೋಷರ್ ಏನೇ ಇದ್ದರೂ ಜೋಪಾನ. ಸುಳ್ಳು ಜಾಹೀರಾತು ನಂಬಿ ಹಣ ಕಟ್ಟಿದವರಿಗೆ ಬಡ್ಡಿ ಸಮೇತ ವಾಪಸ್ ಕೊಡಬೇಕು ಅಂತ 12ನೇ ಕಲಂ ಹೇಳುತ್ತದೆ. ಕರ್ನಾಟಕದ ನಿಯಮದಲ್ಲಿ ಬಡ್ಡಿ ಅಂದರೆ ಎಸ್‌ಬಿಐನ ಗರಿಷ್ಠ ಎಂಸಿಎಲ್‌ಆರ್ (ಬ್ಯಾಂಕ್ ಸಾಲದ ಮೂಲ ಬಡ್ಡಿ) ದರಕ್ಕೆ ಇನ್ನೂ ಶೇ. 2 ಸೇರಿಸಿದ್ದು.

ಜಗ್ಗದಿದ್ದರೆ ರೇರಾಕ್ಕೆ ಆನ್‌ಲೈನಿನಲ್ಲೇ ದೂರು ಕೊಡಿ. ಗ್ರಾಹಕರ ಆಯೋಗವೂ ಇದೆ, ಆದರೆ ಒಂದೇ ಹಣಕ್ಕೆ ಎರಡೂ ಕಡೆ ಹೋಗಬೇಡಿ.

ಇಲ್ಲಿ ಒಂದು ಮಾತು ಮುಚ್ಚಿಡಲಾರೆ. ಆದೇಶ ಸಿಗುವುದು ಬೇರೆ, ದುಡ್ಡು ಸಿಗುವುದು ಬೇರೆ. ಬಿಲ್ಡರ್ ಕೊಡದಿದ್ದರೆ ಅದನ್ನು ಭೂಕಂದಾಯದ ಬಾಕಿಯಂತೆ ವಸೂಲಿ ಮಾಡಬೇಕು. ಕಡತ ಜಿಲ್ಲಾಧಿಕಾರಿ, ತಹಶೀಲ್ದಾರ್ ಕಚೇರಿಗೆ ಹೋಗಿ ಅಲ್ಲೇ ಕೂರುವುದೂ ಉಂಟು. ಹಾಗಾಗಿ ನಿಮ್ಮ ಪತ್ರ ತಲುಪಿದ ಮೇಲೆ ಅವರೇ ಪೂರ್ತಿ ಅಸಲು ಕೊಡಲು ಬಂದರೆ, ಬಡ್ಡಿಯಲ್ಲಿ ಸ್ವಲ್ಪ ಬಿಟ್ಟು ಮುಗಿಸಿಕೊಳ್ಳಿ ಅಂತಲೇ ನಾನು ಹೇಳೋದು. ಅಸಲಿನಲ್ಲಿ ಮಾತ್ರ ಬಿಡಬೇಡಿ.

ಆಗ ಸಾಮಾನ್ಯವಾಗಿ ಮುಂದಿನ ತಾರೀಖಿನ ಮೂರ್ನಾಲ್ಕು ಚೆಕ್ ಕೊಟ್ಟು ಮೂಲ ರಸೀದಿ ಕೇಳುತ್ತಾರೆ. ಜೆರಾಕ್ಸ್ ಕೊಡಿ. ಕೊನೆಯ ಚೆಕ್ ಹಣ ಖಾತೆಗೆ ಬಿದ್ದ ಮೇಲೆ ಮೂಲ ಕೊಟ್ಟರಾಯಿತು.