ಬಾಗಿಲು ಹಾಕಿದ್ದು ಸರಿನಾ? ಓದುಗರ ಜಗಳ, ನಮ್ಮ ಉತ್ತರ

ಹೋದ ಸಂಚಿಕೇಲಿ ಒಬ್ರು "ಕೊರೊನಾ ಟೈಮಲ್ಲಿ ಲಾಕ್‌ಡೌನ್ ಬೇಕಿತ್ತಾ" ಅಂತ ಕೇಳಿದ್ರು, ನಾವು "ಬೇಕಿತ್ತು, ಆದ್ರೆ ಹಂಗಲ್ಲ" ಅಂತ ಒಂದೇ ಸಾಲಲ್ಲಿ ಮುಗಿಸಿಬಿಟ್ವಿ. ಅದಕ್ಕೆ ಬಂದಿರೋ ಕಾಗದ, ವಾಟ್ಸಾಪ್ ಮೆಸೇಜ್ ನೋಡಿದ್ರೆ ಬೆಂಗಳೂರಲ್ಲಿ ಈ ಗಾಯ ಇನ್ನೂ ಹಸಿಯಾಗೇ ಇದೆ. ಅರ್ಧ ಜನ ನಮ್ಮನ್ನ ಸರ್ಕಾರದ ಚಮಚಾ ಅಂದಿದ್ದಾರೆ, ಇನ್ನರ್ಧ ಜನ ಸುಮನಹಳ್ಳಿ ಚಿತಾಗಾರದ ಮುಂದೆ ಆಂಬುಲೆನ್ಸ್ ಸಾಲು ನಿಂತಿದ್ದು ಮರೆತ್ರಾ ಅಂತ ಉಗಿದಿದ್ದಾರೆ. ಎಲ್ಲಾ ಹಾಕೋಕೆ ಜಾಗ ಇಲ್ಲ, ಕೆಲವನ್ನ ಆರಿಸ್ಕೊಂಡಿದೀವಿ, ಯಾರ ಹೆಸರೂ ಹಾಕಿಲ್ಲ, ಏರಿಯಾ ಮಾತ್ರ.

ಪ್ರಶ್ನೆ (ರಾಜಾಜಿನಗರ): ನನ್ನ ಮಗ ಸಾಫ್ಟ್‌ವೇರ್. ದಿನಾ ಊಟದ ಹೊತ್ತಲ್ಲಿ "ಸ್ವೀಡನ್ ನೋಡಪ್ಪಾ, ಏನೂ ಬಂದ್ ಮಾಡ್ಲಿಲ್ಲ, ಏನೂ ಆಗ್ಲಿಲ್ಲ" ಅಂತಾನೆ. ನನಗೆ ತಿರುಗಿ ಹೇಳೋಕೆ ಏನೂ ತೋಚಲ್ಲ. ಒಂದು ಪಾಯಿಂಟ್ ಕೊಡಿ.

ಉತ್ತರ: ಎರಡು ಕೊಡ್ತೀವಿ, ಒಂದು ನಿಮಗೆ, ಒಂದು ಅವರಿಗೆ. ಸ್ವೀಡನ್ ಏನೂ ಮಾಡ್ಲಿಲ್ಲ ಅನ್ನೋದು ಸುಳ್ಳು. ಅಲ್ಲಿ ಆಂಡರ್ಸ್ ಟೆಗ್ನೆಲ್ ಅನ್ನೋ ಸರ್ಕಾರಿ ಸಾಂಕ್ರಾಮಿಕ ರೋಗ ತಜ್ಞ ಜನರನ್ನ ಮನೇಲಿ ಕೂಡಿಹಾಕೋದು ಬೇಡ ಅಂದ್ರು, ಚಿಕ್ಕ ಮಕ್ಕಳ ಸ್ಕೂಲ್ ತೆಗೆದೇ ಇಟ್ರು, ಅಷ್ಟು ನಿಜ. ಆದ್ರೆ 2020ರ ಮಾರ್ಚ್ ಕೊನೆ ಹೊತ್ತಿಗೇ 50 ಜನಕ್ಕಿಂತ ಜಾಸ್ತಿ ಸೇರಂಗಿಲ್ಲ ಅಂತ ರೂಲ್ ಬಂತು, ಕಾಲೇಜು ಯೂನಿವರ್ಸಿಟಿ ಎಲ್ಲಾ ಆನ್‌ಲೈನ್ ಆಯ್ತು, ಏಪ್ರಿಲ್ ಒಂದರಿಂದ ವೃದ್ಧಾಶ್ರಮಗಳಿಗೆ ಹೊರಗಿನೋರು ಹೋಗೋದೂ ನಿಂತೋಯ್ತು. ಅವರದೇ ಕೊರೊನಾ ಕಮಿಷನ್ ಮೊದಲನೇ ವರದೀಲಿ ವಯಸ್ಸಾದೋರನ್ನ ಕಾಪಾಡೋದ್ರಲ್ಲಿ ಸೋತ್ವಿ ಅಂತ ಬರೀತು. 2022ರ ಫೆಬ್ರವರೀಲಿ ಬಂದ ಕೊನೇ ವರದಿ, ಜನರ ವಿವೇಚನೆಗೆ ಬಿಟ್ಟಿದ್ದು ಒಟ್ಟಾರೆ ಸರಿನೇ, ಆದ್ರೆ ಶುರುವಲ್ಲಿ ಇನ್ನೂ ಬೇಗ, ಇನ್ನೂ ಬಿಗಿಯಾಗಿ ಹೆಜ್ಜೆ ಇಡಬೇಕಿತ್ತು ಅಂತು. ನಿಮ್ಮ ಮಗ ಆ ವಾಕ್ಯದ ಮೊದಲರ್ಧ ಮಾತ್ರ ಓದಿದ್ದಾರೆ.

ಅವರ ಪಾಯಿಂಟ್ ಏನಂದ್ರೆ, ನಮ್ಮ ಕಡೆ ಮನೇಲೇ ಇರಿ ಅನ್ನೋದು ಎಲ್ಲಾ ಮನೆಗೂ ಒಂದೇ ಥರ ಕೆಲಸ ಮಾಡೋ ಮದ್ದಲ್ಲ. ಸ್ವೀಡನ್‌ನಲ್ಲಿ ಒಬ್ಬೊಬ್ರೇ ಇರೋ ಮನೆಗಳೇ ಬಹಳ. ನಿಮ್ಮ ರಾಜಾಜಿನಗರ ಪಕ್ಕದ ಶ್ರೀರಾಮಪುರದ ವಠಾರಕ್ಕೆ ಹೋಗಿ ನೋಡಿ, ಹತ್ತು ಬೈ ಹತ್ತು ರೂಮಲ್ಲಿ ಐದು ಜನ, ಸಾಲು ಮನೆಗೆಲ್ಲಾ ಒಂದೇ ನಲ್ಲಿ, ಬಾತ್‌ರೂಮಿಗೆ ಪಾಳಿ, ಹೊರಗಡೆ ಆಟೋ ಮೈಕಲ್ಲಿ "ಅಂತರ ಕಾಪಾಡಿ" ಅಂತ ಕೂಗ್ಕೊಂಡು ಹೋಗ್ತಿದೆ, ಯಾರಿಂದ ಅಂತರ, ಹೆಂಡ್ತಿಯಿಂದನಾ? ಅಷ್ಟೆಲ್ಲಾ ಬಂದ್ ಮಾಡಿದ ಮೇಲೂ 2020ರ ಸೆಪ್ಟೆಂಬರಲ್ಲಿ ರಾಜ್ಯ ಸರ್ಕಾರವೇ ಮಾಡಿಸಿದ ಸೆರೋ ಸರ್ವೆ (ಎಷ್ಟು ಜನಕ್ಕೆ ಸೋಂಕು ತಗುಲಿದೆ ಅಂತ ಪರೀಕ್ಷೆ ಮಾಡಿ ನೋಡೋದು) ಪ್ರಕಾರ 27.3 ಪರ್ಸೆಂಟ್ ಜನಕ್ಕೆ ಆಗ್ಲೇ ಸೋಂಕು ಬಂದಿತ್ತು ಇಲ್ಲಾ ಬಂದು ಹೋಗಿತ್ತು. ಈಗ ಇಬ್ರೂ ನೆಮ್ಮದಿಯಾಗಿ ಊಟ ಮಾಡಿ.

ಪ್ರಶ್ನೆ (ಜಯನಗರ): ನಾನು ರಿಟೈರ್ಡ್ ಡಾಕ್ಟರ್. ಇವತ್ತು ಲಾಕ್‌ಡೌನ್ ಬೈಯೋರಿಗೆ 2020ರ ಮಾರ್ಚಲ್ಲಿ ಆಸ್ಪತ್ರೆಗಳ ಸ್ಥಿತಿ ಹೆಂಗಿತ್ತು ಅಂತ ಗೊತ್ತಾ? ಕಿಟ್ ಇಲ್ಲ, ಟೆಸ್ಟಿಂಗ್ ಇಲ್ಲ, ವೆಂಟಿಲೇಟರ್ ಇಲ್ಲ. ಇನ್ನೇನು ಮಾಡಬೇಕಿತ್ತು?

ಉತ್ತರ: ಡಾಕ್ಟ್ರೇ, ಈ ವಿಷಯದಲ್ಲಿ ನಾವು ನಿಮ್ಮ ಕಡೆ. ದೇಶದ ಮೊದಲನೇ ಕೊರೊನಾ ಸಾವು ನಮ್ಮ ಕಲಬುರಗೀದು, 76 ವರ್ಷದ ಹಿರಿಯರು ಮಾರ್ಚ್ 10ಕ್ಕೆ ತೀರ್ಕೊಂಡ್ರು, ಕೊರೊನಾ ಅಂತ ಖಚಿತ ಆಗಿದ್ದು 12ಕ್ಕೆ. ರೋಗಿ ಹೋದ್ಮೇಲೆ ರಿಪೋರ್ಟ್ ಬರೋ ಕಾಲ ಅದು. ಆಗ ಟೈಮ್ ಬೇಕಿತ್ತು, ಲಾಕ್‌ಡೌನ್ ಟೈಮ್ ಕೊಡ್ತು. ಆ ಟೈಮಲ್ಲಿ ಕೆಲಸನೂ ಆಯ್ತು ಅನ್ನೋದನ್ನ ಬೈಯೋರು ಒಪ್ಕೋಬೇಕು. ಪಿಪಿಇ ಕಿಟ್ಟನ್ನ, ಅಂದ್ರೆ ಡಾಕ್ಟರ್ ನರ್ಸ್‌ಗಳು ಮೈತುಂಬಾ ಹಾಕ್ಕೊಳೋ ರಕ್ಷಣಾ ಉಡುಪನ್ನ, ನಮ್ಮ ದೇಶದಲ್ಲಿ ಹೆಚ್ಚೂಕಮ್ಮಿ ಯಾರೂ ಮಾಡ್ತಾನೇ ಇರ್ಲಿಲ್ಲ, ಎರಡು ತಿಂಗಳಲ್ಲಿ ಅದರ ದೊಡ್ಡ ಕೇಂದ್ರ ಆಗಿದ್ದು ಬೆಂಗಳೂರು, ಶರ್ಟು ಪ್ಯಾಂಟು ಹೊಲಿಯೋ ಮೆಷಿನ್ ಮುಂದೆ ಕೂತಿದ್ದ ಇಲ್ಲಿನ ಹೆಣ್ಮಕ್ಕಳೇ ಅದನ್ನ ಹೊಲಿದಿದ್ದು. ಮೈಸೂರಿನ ಸ್ಕ್ಯಾನ್‌ರೇ ಅನ್ನೋ ವೈದ್ಯಕೀಯ ಉಪಕರಣ ಕಂಪನಿ ಜೊತೆ ಸೇರಿ ಸರ್ಕಾರಿ ಕಂಪನಿ ಬಿಇಎಲ್ ವೆಂಟಿಲೇಟರ್ ಮಾಡೋಕೆ ಶುರು ಮಾಡ್ತು, ಆರ್ಡರ್ ಇದ್ದಿದ್ದು 30,000.

ನಮ್ಮ ತಕರಾರು ಶುರುವಾಗೋದು ಅದಾದ್ಮೇಲೆ. ಒಂದು ವರ್ಷ ಸಿಕ್ಕಿತ್ತಲ್ಲ, ಆಕ್ಸಿಜನ್ ಯಾಕೆ ರೆಡಿ ಇರ್ಲಿಲ್ಲ? 2021ರ ಮೇ 2ರ ರಾತ್ರಿ ಚಾಮರಾಜನಗರ ಜಿಲ್ಲಾ ಆಸ್ಪತ್ರೇಲಿ ಆಕ್ಸಿಜನ್ ಇಲ್ದೆ ಆಗಿದ್ದು ನಿಮಗೆ ಹೇಳಬೇಕಿಲ್ಲ, ಮೊದಲು 24 ಸಾವು ಅಂದ್ರು, ಹೈಕೋರ್ಟ್ ನೇಮಿಸಿದ ಸಮಿತಿ 36 ಅಂತು. ಮೇ 5ಕ್ಕೆ ರಾಜ್ಯದಲ್ಲಿ ಒಂದೇ ದಿನದ ಹೊಸ ಕೇಸ್ 50 ಸಾವಿರ ದಾಟ್ತು. ಪೂರ್ತಿ ಲಾಕ್‌ಡೌನ್ ಶುರುವಾಗಿದ್ದು ಯಾವಾಗ? ಮೇ 10ಕ್ಕೆ. ಅದಕ್ಕೆ ಮುಂಚೆ ಏಪ್ರಿಲ್ 27ರಿಂದ ಕರ್ಫ್ಯೂ ಇತ್ತು ಅಂತೀರಿ, ಸರಿ, ಆವಾಗಲೂ ದಿನಕ್ಕೆ ಮೂವತ್ತು ಸಾವಿರದ ಆಸುಪಾಸು ಬರ್ತಿತ್ತು. ಇಡೀ ದೇಶದಲ್ಲಿ ಐನೂರು ಚಿಲ್ಲರೆ ಕೇಸ್ ಇದ್ದಾಗ ಎಲ್ಲದಕ್ಕೂ ಬೀಗ, ನಿಜವಾದ ಅಲೆ ಬಂದಾಗ ಬೀಗದ ಕೈ ಎಲ್ಲಿಟ್ವಿ ಅಂತ ಹುಡುಕಾಟ.

ಪ್ರಶ್ನೆ (ಲಗ್ಗೆರೆ): ನಾನು ಗಾರ್ಮೆಂಟ್ಸ್, ನಮ್ಮೆಜಮಾನ್ರು ಗಾರೆ ಕೆಲಸ. ರಾತ್ರಿ ಎಂಟು ಗಂಟೆಗೆ ಟಿವೀಲಿ ಹೇಳಿ ಹನ್ನೆರಡಕ್ಕೆ ಬಂದ್ ಅಂದ್ರು. ಕೈಲಿ ವಾರದ ದುಡ್ಡೂ ಇರ್ಲಿಲ್ಲ. ನೀವೆಲ್ಲಾ ಬೇಕಿತ್ತು ಬೇಡ್ವಾಗಿತ್ತು ಅಂತ ವಾದ ಮಾಡ್ತೀರಲ್ಲ, ನಮ್ಮನ್ನ ಯಾರಾದ್ರೂ ಕೇಳಿದ್ರಾ?

ಉತ್ತರ: ಇಲ್ಲಮ್ಮ, ಯಾರೂ ಕೇಳ್ಲಿಲ್ಲ. ಈ ಚರ್ಚೇಲಿ ಎರಡೂ ಕಡೆ ಜೋರಾಗಿ ಕೂಗಾಡಿದೋರು ತಿಂಗಳು ತಿಂಗಳು ಸಂಬಳ ಬರ್ತಿದ್ದೋರೇ, ನಮ್ಮನ್ನೂ ಸೇರಿಸಿ. 2020ರ ಮಾರ್ಚ್ 24ರ ಆ ನಾಲ್ಕು ಗಂಟೆ ನೋಟಿಸಿಗೆ ಯಾವ ಸಮರ್ಥನೆನೂ ಸಾಲಲ್ಲ. ವೈರಸ್ಸಿಗೆ ತುರ್ತು ಇತ್ತು, ಒಪ್ಕೋಣ, ಆದ್ರೆ ಎರಡು ದಿನ ಮುಂಚೆ ಹೇಳಿ ಬಸ್ಸು ರೈಲು ಓಡಿಸಿ ಊರಿಗೆ ಹೋಗೋರನ್ನ ಕಳಿಸಿದ್ದಿದ್ರೆ, ಆಗ ಕೇಸ್ ಕಮ್ಮಿ ಇದ್ದ ಹೊತ್ತಲ್ಲಿ, ಅಪಾಯನೂ ಕಮ್ಮಿ ಇರ್ತಿತ್ತು. ಮೇ ತಿಂಗಳಲ್ಲಿ ಕೇಸ್ ಜಾಸ್ತಿ ಆದ್ಮೇಲೆ ಕಳಿಸಿದ್ವಿ, ಅದೂ ಹೆಂಗೆ? ಮೆಜೆಸ್ಟಿಕ್‌ನಲ್ಲಿ ಊರಿಗೆ ಹೊರಟಿದ್ದ ಕೂಲಿಯೋರ ಹತ್ರ ಬಸ್ ಖಾಲಿ ವಾಪಸ್ ಬರುತ್ತೆ ಅಂತ ಎರಡೂ ಕಡೆ ಚಾರ್ಜ್ ಹಾಕಿದ್ರು, ಗಲಾಟೆ ಆಯ್ತು, ಕಾಂಗ್ರೆಸ್‌ನೋರು ಕೆಎಸ್‌ಆರ್‌ಟಿಸಿಗೆ ಒಂದು ಕೋಟಿ ಚೆಕ್ ಹಿಡ್ಕೊಂಡು ಬಂದ್ರು, ಆಮೇಲೆ ಫ್ರೀ ಆಯ್ತು. ಬಿಹಾರ, ಉತ್ತರಪ್ರದೇಶದೋರದು ಇನ್ನೂ ಕೆಟ್ಟ ಕಥೆ. ಮೇ 5ಕ್ಕೆ ಆಗಿನ ಮುಖ್ಯಮಂತ್ರಿ ಯಡಿಯೂರಪ್ಪ ಬಿಲ್ಡರ್‌ಗಳ ಜೊತೆ ಮೀಟಿಂಗ್ ಮಾಡಿದ್ರು, ಅದಾದ್ಮೇಲೆ ಕೂಲಿಯೋರನ್ನ ಊರಿಗೆ ಕಳಿಸೋ ಶ್ರಮಿಕ್ ರೈಲು ಬೇಡ ಅಂತ ರೈಲ್ವೇಗೆ ಪತ್ರ ಹೋಯ್ತು, ಕಟ್ಟಡ ಕೆಲಸಕ್ಕೆ ಆಳು ಬೇಕಲ್ಲ. ದೇಶವೆಲ್ಲಾ ಉಗಿದ ಮೇಲೆ ಒಂದೆರಡು ದಿನಕ್ಕೇ ಮತ್ತೆ ರೈಲು ಬಿಡೋಕೆ ಒಪ್ಪಿದ್ರು. ಅದೇ ವಾರ, ಮೇ 8ರ ಬೆಳಗಿನ ಜಾವ, ಮಹಾರಾಷ್ಟ್ರದ ಔರಂಗಾಬಾದ್ ಹತ್ರ ಹಳಿ ಮೇಲೆ ಮಲಗಿದ್ದ 16 ಜನ ಕಾರ್ಮಿಕರ ಮೇಲೆ ಗೂಡ್ಸ್ ರೈಲು ಹೋಯ್ತು.

ದುಡ್ಡಿನ ವಿಷ್ಯ. ಮಾರ್ಚ್ 29ಕ್ಕೆ ಕೇಂದ್ರ ಗೃಹ ಇಲಾಖೆ ಕೆಲಸಗಾರರಿಗೆ ಪೂರ್ತಿ ಸಂಬಳ ಕೊಡಿ, ಒಂದು ತಿಂಗಳು ಬಾಡಿಗೆ ಕೇಳಬೇಡಿ ಅಂತ ಆದೇಶ ಹೊರಡಿಸ್ತು, ಓದೋಕೆ ಚೆನ್ನಾಗಿತ್ತು. ಮಾಲೀಕರು ಸುಪ್ರೀಂ ಕೋರ್ಟಿಗೆ ಹೋದ್ರು, ಮೇನಲ್ಲಿ ಆದೇಶನೇ ವಾಪಸ್ ಆಯ್ತು. ರಾಜ್ಯ ಸರ್ಕಾರ ಮೇ 6ಕ್ಕೆ 1,610 ಕೋಟಿ ಪ್ಯಾಕೇಜ್ ಅಂತು, ಮಡಿವಾಳರಿಗೆ, ಕ್ಷೌರಿಕರಿಗೆ, ಆಟೋ ಟ್ಯಾಕ್ಸಿ ಡ್ರೈವರ್‌ಗಳಿಗೆ ಒಂದು ಸಲಕ್ಕೆ 5,000. ಅಷ್ಟಾದ್ರೂ ಕೊಟ್ರು, ಇಲ್ಲ ಅನ್ನಲ್ಲ. ನಿಮ್ಮ ಯಜಮಾನ್ರ ಹತ್ರ ಲೇಬರ್ ಕಾರ್ಡ್ ಇದ್ದಿದ್ರೆ ಅವರಿಗೂ ಸ್ವಲ್ಪ ಬಂದಿರುತ್ತೆ, ಕಾರ್ಡ್ ಇಲ್ಲದೋರೇ ಜಾಸ್ತಿ. ಆದ್ರೆ ಡಾಕ್ಟರ್‌ಗಳಿಗೆ ಕಿಟ್ ಹೊಲಿದ ಗಾರ್ಮೆಂಟ್ಸ್ ಹೆಣ್ಮಕ್ಕಳ ಹೆಸರು ಆ ಪಟ್ಟೀಲಿ ಇರ್ಲಿಲ್ಲ. ಒಟ್ಟು ಎಷ್ಟು ಜನ ಕೂಲಿಯೋರು ದಾರೀಲಿ ಸತ್ರು ಅಂತ ಸೆಪ್ಟೆಂಬರಲ್ಲಿ ಪಾರ್ಲಿಮೆಂಟಲ್ಲಿ ಕೇಳಿದ್ರೆ ಲೆಕ್ಕ ಇಲ್ಲ ಅಂದ್ರು, ಊರಿಗೆ ವಾಪಸ್ ಹೋದೋರು ಮಾತ್ರ ಒಂದು ಕೋಟಿ ದಾಟ್ತಾರೆ ಅಂತ ಲೆಕ್ಕ ಇತ್ತು. ಲಾಕ್‌ಡೌನ್ ಬೇಕಿತ್ತು ಅನ್ನೋ ಡಾಕ್ಟರ್ ಮಾತನ್ನ ಮೇಲೆ ಒಪ್ಪಿದೀವಿ, ಈಗಲೂ ಒಪ್ತೀವಿ, ಊರಿಗೆಲ್ಲಾ ಬೇಕಾಗಿದ್ದಕ್ಕೆ ಬಿಲ್ಲನ್ನ ಲಗ್ಗೆರೆಗೆ ಕಳಿಸಿದ್ದನ್ನ ಮಾತ್ರ ಒಪ್ಪಕ್ಕಾಗಲ್ಲ.

ಪ್ರಶ್ನೆ (ಯಲಹಂಕ): ವೈರಸ್ ರಾತ್ರಿ ಮಾತ್ರ ಓಡಾಡುತ್ತಾ? ನೈಟ್ ಕರ್ಫ್ಯೂ ಯಾಕೆ ಮಾಡಿದ್ರು?

ಉತ್ತರ: ಪಬ್ಬು, ಪಾರ್ಟಿ ತಡೆಯೋಕೆ ಅನ್ನೋದು ಅಧಿಕೃತ ಉತ್ತರ. 2020ರ ಡಿಸೆಂಬರ್ 23ಕ್ಕೆ ರಾತ್ರಿ ಹತ್ತರಿಂದ ಕರ್ಫ್ಯೂ ಅಂದ್ರು, ಆಮೇಲೆ ಹನ್ನೊಂದರಿಂದ ಅಂದ್ರು, 24ಕ್ಕೆ ಇಲ್ವೇ ಇಲ್ಲ ಅಂದ್ರು. ವೈರಸ್ಸಿಗೇ ಕನ್ಫ್ಯೂಸ್ ಆಗಿರಬೇಕು. ಮಾಸ್ಕ್ ದಂಡನೂ ಹಂಗೇ, ಸಾವಿರ ಅಂದು ಒಂದೇ ವಾರಕ್ಕೆ ಸಿಟೀಲಿ 250ಕ್ಕೆ ಇಳಿಸಿದ್ರು.

ಪ್ರಶ್ನೆ (ವಿಜಯನಗರ): ನಂದು ಸಣ್ಣ ಸ್ಟೇಷನರಿ ಅಂಗಡಿ. ಮೊದಲನೇ ಲಾಕ್‌ಡೌನ್ ಹೆಂಗೋ ತಡ್ಕೊಂಡೆ. 2020ರ ಜುಲೈನಲ್ಲಿ ಬೆಂಗಳೂರಿಗೆ ಮಾತ್ರ ಒಂದು ವಾರ ಮಾಡಿದ್ರಲ್ಲ, ಅದರಿಂದ ಏನು ಸಿಕ್ತು?

ಉತ್ತರ: ನಮಗೆ ತಿಳಿದ ಮಟ್ಟಿಗೆ ಏನೂ ಇಲ್ಲ. ಜುಲೈ 14ರ ರಾತ್ರಿಯಿಂದ 22ರ ಬೆಳಗ್ಗೆವರೆಗೆ. ಸೋಂಕು ತಗುಲಿ ಲಕ್ಷಣ ಕಾಣಿಸೋಕೆ 14 ದಿನದವರೆಗೂ ಹಿಡಿಯುತ್ತೆ ಅಂತ ಅವರೇ ಕ್ವಾರಂಟೈನ್ ಮಾಡ್ತಿದ್ರು, ಬೀಗ ಹಾಕಿದ್ದು ಅದರ ಅರ್ಧಕ್ಕೆ. ಮೂರು ದಿನ ಮುಂಚೆ ಹೇಳಿದ್ದಕ್ಕೆ ಜನ ಗಂಟುಮೂಟೆ ಕಟ್ಟಿ ತುಮಕೂರು ರೋಡ್ ಹಿಡಿದ್ರು, ವೈರಸ್ ಹಳ್ಳಿಗೆ ಹೋಗೋಕೆ ಲಿಫ್ಟ್ ಕೊಟ್ಟಂಗಾಯ್ತು. (ಹೌದು, ಮೇಲೆ ಲಗ್ಗೆರೆಯೋರಿಗೆ ಮುಂಚೆ ಹೇಳಬೇಕಿತ್ತು ಅಂದಿದೀವಿ. ಮಾರ್ಚಲ್ಲಿ ಸಿಟೀಲಿ ಸೋಂಕು ಬೆರಳೆಣಿಕೆ ಇತ್ತು, ಜುಲೈನಲ್ಲಿ ಊರೆಲ್ಲಾ ಹರಡಿತ್ತು, ಎರಡಕ್ಕೂ ಒಂದೇ ಲೆಕ್ಕ ಆಗಲ್ಲ.) ಮುಗಿಯೋ ಹಿಂದಿನ ದಿನ ಇನ್ಮೇಲೆ ಲಾಕ್‌ಡೌನ್ ಇಲ್ಲ ಅಂತ ಮುಖ್ಯಮಂತ್ರಿಗಳೇ ಹೇಳಿದ್ರು. ನಿಮ್ಮ ಒಂದು ವಾರದ ವ್ಯಾಪಾರ ಹೋಯ್ತು.

ಪ್ರಶ್ನೆ (ಬಸವನಗುಡಿ): ನಮ್ಮಜ್ಜಿ ಪ್ಲೇಗ್ ಕಾಲದ ಕಥೆ ಹೇಳ್ತಿದ್ರು, ಊರು ಬಿಟ್ಟು ಗುಡಿಸಲು ಹಾಕ್ಕೊಂಡಿದ್ರಂತೆ. ಆಗಲೂ ಸರ್ಕಾರ ಹಿಂಗೇ ಬಿಗಿ ಮಾಡ್ತಿತ್ತಾ?

ಉತ್ತರ: ಇನ್ನೂ ಬಿಗಿ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದಾಗ ಸೋಂಕಿನ ಮನೆಯೋರನ್ನ ಕ್ಯಾಂಪಿಗೆ ಸಾಗಿಸ್ತಿದ್ರು, ರೈಲಲ್ಲಿ ಬಂದೋರನ್ನ ತಡೆದು ತಪಾಸಣೆ ಮಾಡ್ತಿದ್ರು. ನೀವು ಕೂತಿರೋ ಬಸವನಗುಡಿ, ಆ ಕಡೆ ಮಲ್ಲೇಶ್ವರ, ಎರಡೂ ಪೇಟೆ ಇಕ್ಕಟ್ಟಿಂದ ಹೊರಗೆ ಅಗಲ ರಸ್ತೆ ಗಾಳಿ ಬೆಳಕು ಅಂತ ಬೆಳೆದಿದ್ದಕ್ಕೆ ಆ ಪ್ಲೇಗೂ ಕಾರಣ. ಪುಣೇಲಿ ತಪಾಸಣೆ ಹೆಸರಲ್ಲಿ ಮನೆಗೆ ನುಗ್ಗಿದ್ದಕ್ಕೆ ಚಾಪೇಕರ್ ಸಹೋದರರು 1897ರಲ್ಲಿ ರ‍್ಯಾಂಡ್ ಅನ್ನೋ ಅಧಿಕಾರಿಗೆ ಗುಂಡು ಹೊಡೆದ್ರು. ಅದೇ ವರ್ಷ ಬ್ರಿಟಿಷರು ಮಾಡಿದ ಸಾಂಕ್ರಾಮಿಕ ರೋಗ ಕಾಯ್ದೆನೇ 2020ರಲ್ಲಿ ನಮ್ಮ ಮೇಲೂ ಹಾಕಿದ್ದು. ಕೈಮೇಲೆ ಅಳಿಸದ ಇಂಕಲ್ಲಿ ಸ್ಟಾಂಪ್ ಹೊಡೆದಿದ್ದು, ಹೋಂ ಕ್ವಾರಂಟೈನ್‌ನಲ್ಲಿದ್ದೋರು ಗಂಟೆಗೊಂದು ಸೆಲ್ಫಿ ಕಳಿಸಬೇಕು ಅಂದಿದ್ದು, ಅವರ ಮನೆ ಅಡ್ರೆಸ್ ಎಲ್ಲರಿಗೂ ಕಾಣೋ ಹಂಗೆ ಹಾಕಿದ್ದು ಮಾತ್ರ ನಮ್ಮೋರದೇ ಐಡಿಯಾ. ಅಡ್ರೆಸ್ ಹಾಕಿದ್ದಂತೂ ಶುದ್ಧ ತಪ್ಪು, ಅಕ್ಕಪಕ್ಕದೋರು ಹಾಲಿನೋನನ್ನೂ ಬಿಡದೆ ತಡೆದ ಬೀದಿಗಳು ಇದ್ವು.

ಪ್ರಶ್ನೆ (ಕೆಂಗೇರಿ): ಸರ್ಕಾರಿ ಶಾಲೆ ಟೀಚರ್ ನಾನು. ಬಾರ್ ತೆಗೆದ್ರು, ಮಾಲ್ ತೆಗೆದ್ರು, ನಮ್ಮ ಒಂದನೇ ಕ್ಲಾಸ್ ತೆಗೆಯೋಕೆ ಅಷ್ಟು ದಿನ ಯಾಕೆ?

ಉತ್ತರ: ವೈನ್ ಶಾಪ್ ತೆಗೆದಿದ್ದು 2020ರ ಮೇ 4. ಒಂದರಿಂದ ಐದನೇ ಕ್ಲಾಸ್ ಶುರುವಾಗಿದ್ದು 2021ರ ಅಕ್ಟೋಬರ್ 25. ಈ ಎರಡು ತಾರೀಕು ಪಕ್ಕಪಕ್ಕ ಬರೆದು ನಿಮ್ಮ ಸ್ಟಾಫ್ ರೂಮಲ್ಲಿ ಅಂಟಿಸಿ. ಚಿಕ್ಕ ಮಕ್ಕಳಿಗೆ ಅಪಾಯ ಕಮ್ಮಿ ಅಂತ ಆಗ್ಲೇ ಗೊತ್ತಾಗಿತ್ತು, ಹೆದರಿಕೆ ಇದ್ದಿದ್ದು ಮನೇಲಿರೋ ಅಜ್ಜಿ ತಾತನ ಬಗ್ಗೆ, ಅದು ಸುಳ್ಳು ಹೆದರಿಕೆ ಅಲ್ಲ. ಮಧ್ಯದಲ್ಲಿ ಟೀಚರ್‌ಗಳೇ ಮಕ್ಕಳಿರೋ ಕಡೆ ಹೋಗಿ ಪಾಠ ಮಾಡೋ ವಿದ್ಯಾಗಮ ಅಂತ ಶುರು ಮಾಡಿದ್ರು, ಸೋಂಕಿನ ಗಲಾಟೇಲಿ 2020ರ ಅಕ್ಟೋಬರಲ್ಲಿ ಅದನ್ನೂ ನಿಲ್ಲಿಸಿದ್ರು. ಆನ್‌ಲೈನ್ ಕ್ಲಾಸ್ ಅನ್ನೋದು ಮನೇಲಿ ಇರೋ ಒಂದೇ ಫೋನ್ ಅಪ್ಪನ ಜೇಬಲ್ಲಿ ಕೆಲಸಕ್ಕೆ ಹೋಗೋ ಮನೆಗಳಿಗೆ ಅರ್ಥ ಇಲ್ಲದ ಮಾತು ಅಂತ ನಿಮಗೇ ಚೆನ್ನಾಗಿ ಗೊತ್ತು. ಇಡೀ ಲಾಕ್‌ಡೌನ್ ಕಥೇಲಿ ನಮಗೆ ಅತಿ ದೊಡ್ಡ ತಪ್ಪು ಅನ್ಸೋದು ಇದೇ, ಕೂಲಿಯೋರದಕ್ಕಿಂತ ಒಂದು ತೂಕ ಜಾಸ್ತಿನೇ, ಯಾಕಂದ್ರೆ ಕೂಲಿ ಕೆಲಸ ತಿಂಗಳುಗಳಲ್ಲಿ ವಾಪಸ್ ಬಂತು, ಅಕ್ಷರ ಕಲಿಯೋ ವಯಸ್ಸು ಬರಲ್ಲ.

ಪ್ರಶ್ನೆ (ವೈಟ್‌ಫೀಲ್ಡ್): ಚೀನಾ ಥರ ಪಕ್ಕಾ ಸ್ಟ್ರಿಕ್ಟ್ ಮಾಡಿದ್ದಿದ್ರೆ ಆಗ್ತಿತ್ತು ಅಲ್ವಾ?

ಉತ್ತರ: ಶಾಂಘೈನ 2022ರಲ್ಲಿ ಎರಡು ತಿಂಗಳು ಮುಚ್ಚಿದ್ರು, ಅಷ್ಟು ಶ್ರೀಮಂತ ಊರಲ್ಲಿ ಜನ ತರಕಾರಿಗೆ ಪರದಾಡಿದ್ರು. ನವೆಂಬರಲ್ಲಿ ಉರುಮ್ಚಿಯ ಅಪಾರ್ಟ್‌ಮೆಂಟ್ ಬೆಂಕೀಲಿ ಹತ್ತು ಜನ ಸತ್ರು, ಲಾಕ್‌ಡೌನ್‌ನಿಂದಲೇ ತಪ್ಪಿಸ್ಕೊಳ್ಳೋಕೆ ಆಗ್ಲಿಲ್ಲ ಅಂತ ಜನ ಬಿಳಿ ಹಾಳೆ ಹಿಡ್ಕೊಂಡು ಬೀದಿಗಿಳಿದ್ರು, ಡಿಸೆಂಬರಲ್ಲಿ ಸರ್ಕಾರ ಏಕ್‌ದಂ ಕೈಬಿಡ್ತು, ವಯಸ್ಸಾದೋರಿಗೆ ಸರಿಯಾಗಿ ಲಸಿಕೆನೂ ಹಾಕ್ಸದೆ. ಅದು ಬೇಕಾ ನಿಮಗೆ?

ಪ್ರಶ್ನೆ (ಕಾಮಾಕ್ಷಿಪಾಳ್ಯ): ಆಟೋ ಓಡಿಸ್ತೀನಿ. ಲೋನ್ ಕಂತಿಗೆ ಆರು ತಿಂಗಳು ರಜ ಅಂದ್ರು, ಆಮೇಲೆ ಬಡ್ಡಿ ಹಾಕಿದ್ರು. ನಾಳೆ ಇನ್ನೊಂದು ರೋಗ ಬಂದು ಮತ್ತೆ ಬಂದ್ ಅಂದ್ರೆ ನಾನು ಒಪ್ಕೋಬೇಕಾ?

ಉತ್ತರ: ರಿಸರ್ವ್ ಬ್ಯಾಂಕ್ ಕೊಟ್ಟಿದ್ದು ಕಂತು ಮುಂದೂಡೋ ಅವಕಾಶ, ಮನ್ನಾ ಅಲ್ಲ. ಆ ಆರು ತಿಂಗಳ ಬಡ್ಡಿಗೆ ಬಿದ್ದ ಬಡ್ಡಿ ಮಾತ್ರ ಮಾಫಿ ಆಯ್ತು, ಮಾಮೂಲಿ ಬಡ್ಡಿ ನೀವೇ ಕಟ್ಟಿದ್ರಿ. ಕೊರೊನಾದಿಂದ ಸತ್ತೋರ ಮನೆಗೆ 50,000 ಪರಿಹಾರ ಬಂದಿದ್ದು ಸುಪ್ರೀಂ ಕೋರ್ಟ್ ಪಟ್ಟು ಹಿಡಿದ್ಮೇಲೆ, ವಿಪತ್ತು ನಿರ್ವಹಣಾ ಕಾಯ್ದೇಲಿ ಅದಕ್ಕೆ ಜಾಗ ಇತ್ತು. ಬಂದ್‌ನಿಂದ ಹೋದ ದುಡಿಮೆಗೆ ದಿನಕ್ಕೆ ಇಷ್ಟು ಅಂತ ಯಾವ ಕಾಯ್ದೇನೂ ಹೇಳಲ್ಲ, ಅದು ಸರ್ಕಾರದ ಮನಸ್ಸಿಗೆ ಬಿಟ್ಟಿದ್ದು. ಹಂಗಾಗಿ ಒಪ್ಕೋಳೋ ಮುಂಚೆ ಕೇಳಿ: ಎಷ್ಟು ದಿನ, ಆ ದಿನಗಳಲ್ಲಿ ಆಸ್ಪತ್ರೇಲಿ ಏನೇನು ರೆಡಿ ಮಾಡ್ತೀರಿ, ನನ್ನ ಅಕೌಂಟಿಗೆ ಯಾವತ್ತು ಎಷ್ಟು. ನಿಮ್ಮ ವಾರ್ಡಲ್ಲಿ ವೋಟು ಕೇಳೋಕೆ ಬರ್ತಾರಲ್ಲ, ರೋಗ ಬರೋವರೆಗೂ ಕಾಯಬೇಡಿ, ಈಗ್ಲೇ ಕೇಳಿ.